ವಿವಾಹದ ವಹಿಯಲ್ಲಿ ತಪ್ಪು

ಇಂಗ್ಲೆಂಡಿನ ವೂಸ್ಟರ್ ನಗರದ ಬಿಷಪ್ಪನ ಕಚೇರಿಗೆ ಸೇರಿದ ಎರಡು ಹಳೆಯ ದಾಖಲೆಗಳು ಇಂದಿಗೂ ಉಳಿದಿವೆ. ಒಂದು, ಕಚೇರಿಯ ವಹಿ. ಅದರಲ್ಲಿ 1582ನೆಯ ಇಸವಿ ನವೆಂಬರ್ 27ರಂದು ವಿಲಿಯಂ ಷೇಕ್ಸ್‌ಪಿಯರನಿಗೂ ಟೆಂಪಲ್ ಗ್ರಾಫ್ಟನ್ ಗ್ರಾಮದ ಆನ್ ವೇಟ್ಲಿ ಎಂಬವಳಿಗೂ ವಿವಾಹದ ಪರವಾನಿಗೆ ಕೊಟ್ಟಂತೆ ನಮೂದಾಗಿದೆ. ಇನ್ನೊಂದು, ಮರುದಿನದ ತಾರೀಖುಳ್ಳ ಜಾಮೀನು ಪತ್ರ. ಅದರಲ್ಲಿಯೂ ವರನು ವಿಲಿಯಂ ಷೇಕ್ಸ್‌ಪಿಯರನೇ. ಆದರೆ ವಧುವಿನ ಹೆಸರು ಸ್ಟ್ರಾಟ್‌ಫರ್ಡಿನ ಆನ್ ಹ್ಯಾಥವೇ. ಒಂದೇ ದಿನದ ಅಂತರದಲ್ಲಿ ವಧುವಿನ ಹೆಸರೂ ಬದಲಾಗಿದೆ, ಊರೂ ಬದಲಾಗಿದೆ. ವಿವಾಹವೇ ನಡೆದುದರ ನಮೂದು ಉಳಿದಿರುವ ಯಾವ ಇಗರ್ಜಿಯ ಪುಸ್ತಕದಲ್ಲಿಯೂ ಸಿಕ್ಕಿಲ್ಲವಾದ್ದರಿಂದ, ಈ ಎರಡು ಕಾಗದಗಳೇ ನಮಗೆ ಆಧಾರ.

ಇದನ್ನು ಕಂಡವರಲ್ಲಿ ಕೆಲವರಿಗೆ ಕಲ್ಪನೆ ಗರಿಗೆದರಿತು. ಕವಿಯು ಪ್ರೀತಿಸಿದವಳು ವೇಟ್ಲಿ, ಬಲವಂತದಿಂದ ಕೈಹಿಡಿದವಳು ಹ್ಯಾಥವೇ ಎಂದು ಫ್ರಾಂಕ್ ಹ್ಯಾರಿಸ್ ಎಂಬ ಲೇಖಕನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದನು. ಷೇಕ್ಸ್‌ಪಿಯರನ ಕೃತಿಗಳನ್ನೆಲ್ಲ ಬರೆದವಳೇ ಈ ವೇಟ್ಲಿ ಎಂದವರೂ ಉಂಟು! ಇಷ್ಟಕ್ಕೂ ಆಕೆಯ ಹೆಸರು ಇರುವುದು ಒಂದು ವಹಿಯ ಒಂದು ಸಾಲಿನಲ್ಲಿ ಮಾತ್ರ. ಆಕೆ ನಿಜವಾಗಿ ಬದುಕಿದ್ದಳೆ, ಅಥವಾ ಗುಮಾಸ್ತನ ಲೇಖನಿಯಲ್ಲಿ ಹುಟ್ಟಿದವಳೆ? ಇದ್ದವಳನ್ನು ಇಲ್ಲವೆಂದರೂ ಅನ್ಯಾಯ. ಇಲ್ಲದವಳನ್ನು ಇದ್ದಳೆಂದರೆ ನಿಜವಾದ ಹೆಂಡತಿಗೆ ಅನ್ಯಾಯ.

ಪ್ರಯೋಗಶಾಲೆಯಲ್ಲಿ ತಂತಿಯೊಂದರ ದಪ್ಪವನ್ನು ಅಳೆಯುವಾಗ ನಾಲ್ಕು ಸಲ ಒಂದು ಬೆಲೆಯೂ ಐದನೆಯ ಸಲ ಬೇರೊಂದು ಬೆಲೆಯೂ ಬಂದರೆ ನಾವೇನು ಮಾಡುತ್ತೇವೆ? ಮನಸ್ಸಿಗೊಪ್ಪದ ಅಂಕಿಯನ್ನು ಹೊಡೆದುಹಾಕುವುದು ಸುಲಭ. ಆದರೆ ಅದು ವಿಜ್ಞಾನವಲ್ಲ. ಆ ಅಂಕಿ ಹೇಗೆ ಬಂತೆಂಬುದನ್ನು ಮೊದಲು ಪತ್ತೆಮಾಡಬೇಕು. ಅದಕ್ಕೆ ಉಪಕರಣವನ್ನೇ ಪರೀಕ್ಷಿಸಬೇಕಾಗುತ್ತದೆ. ಹಳೆಯ ವಹಿಯ ಮಟ್ಟಿಗೆ ಉಪಕರಣವೆಂದರೆ ಅದನ್ನು ಬರೆದ ಗುಮಾಸ್ತ. ಅವನು ಬರೆದ ಈ ಒಂದು ಸಾಲನ್ನೇ ದಿಟ್ಟಿಸಿ ನೋಡಿದರೆ ಪ್ರಯೋಜನವಿಲ್ಲ. ಅವನು ಬರೆದ ಉಳಿದ ಸಾಲುಗಳನ್ನೂ ನೋಡಬೇಕು.

1905ರಲ್ಲಿ ಜೋಸೆಫ್ ಗ್ರೇ ಎಂಬ ಸಂಶೋಧಕನು ಮಾಡಿದ್ದು ಇದನ್ನೇ. ವೂಸ್ಟರಿನ ಆ ಗುಮಾಸ್ತನು ಬರೆದ ಇತರ ಹೆಸರುಗಳನ್ನು ಬೇರೆ ದಾಖಲೆಗಳೊಡನೆ ಹೋಲಿಸಿದಾಗ ಅವನ ಕೈಯ ಗುಣ ಹೊರಬಿದ್ದಿತು. ಬಾರ್ಬರ್ ಎಂದಿರಬೇಕಾದಲ್ಲಿ ಬೇಕರ್ ಎಂದೂ, ಬ್ರೇಡ್ಲಿ ಎಂದಿರಬೇಕಾದಲ್ಲಿ ಡಾರ್ಬಿ ಎಂದೂ, ಎಲ್ಕಾಕ್ ಎಂದಿರಬೇಕಾದಲ್ಲಿ ಎಜ್‌ಕಾಕ್ ಎಂದೂ ಅವನು ಬರೆದಿದ್ದನು. ಅಷ್ಟೇ ಅಲ್ಲ. ಅದೇ ದಿನ ಅದೇ ಕಚೇರಿಯಲ್ಲಿ ಬೇರೊಂದು ವ್ಯಾಜ್ಯ ನಡೆದಿತ್ತು. ಬೆಳೆಯ ಹತ್ತರಲ್ಲೊಂದು ಪಾಲು ಇಗರ್ಜಿಗೆ ಸಲ್ಲಬೇಕೆಂಬ ಕಟ್ಟಳೆಯ ವಿಷಯವಾಗಿ ಹುಟ್ಟಿದ ಆ ವ್ಯಾಜ್ಯದಲ್ಲಿ ಒಂದು ಪಕ್ಷ ಕ್ರೌಲ್ ಎಂಬ ಊರಿನ ಪಾದ್ರಿ. ಅವನ ಹೆಸರು ವಿಲಿಯಂ ವೇಟ್ಲಿ! ವರನೂ ವಿಲಿಯಂ, ಪಾದ್ರಿಯೂ ವಿಲಿಯಂ. ಆಗ ತಾನೆ ಕಿವಿಗೆ ಬಿದ್ದ ಹೆಸರು ಲೇಖನಿಯ ತುದಿಗೆ ಹೇಗೆ ಬಂದೀತೆಂಬುದನ್ನು, ಪಕ್ಕದವನ ಮಾತು ಕೇಳುತ್ತ ಟಿಪ್ಪಣಿ ಬರೆದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ.

ಇನ್ನು ಜಾಮೀನು ಪತ್ರ. ಆಗ ಷೇಕ್ಸ್‌ಪಿಯರನಿಗೆ ಇನ್ನೂ 18 ವರ್ಷ. ಮದುವೆಯ ಪ್ರಕಟಣೆಯನ್ನು ಇಗರ್ಜಿಯಲ್ಲಿ ಮೂರು ಸಲದ ಬದಲು ಒಂದೇ ಸಲ ಮಾಡಲು ಅನುಮತಿ ಬೇಕಾಗಿತ್ತು. ಮುಂದೆ ತೊಡಕು ಬಂದರೆ ಬಿಷಪ್ಪನಿಗೆ ನಷ್ಟವಾಗದಂತೆ ಫುಲ್ಕ್ ಸ್ಯಾಂಡೆಲ್ಸ್ ಮತ್ತು ಜಾನ್ ರಿಚರ್ಡ್‌ಸನ್ ಎಂಬ ಇಬ್ಬರು ರೈತರು 40 ಪೌಂಡಿಗೆ ಹೊಣೆ ನಿಂತರು. ಆ ಕಾಲದಲ್ಲಿ ಸ್ಟ್ರಾಟ್‌ಫರ್ಡಿನ ಶಾಲೆಯ ಉಪಾಧ್ಯಾಯನ ವಾರ್ಷಿಕ ಸಂಬಳವೇ 20 ಪೌಂಡು. ಎರಡು ವರ್ಷದ ಸಂಬಳದಷ್ಟು ಹಣಕ್ಕೆ ಕೈಕೊಡುವವನು ವಧುವಿನ ಹೆಸರು ಸರಿಯಿದೆಯೇ ಎಂದು ನೋಡದಿರಲಾರನು. ಎಲ್ಲ ಅಳತೆಗಳಿಗೂ ಒಂದೇ ತೂಕ ಕೊಡಲಾಗದು ಎಂದು ನಾವು ಹೇಳುವುದು ಇಂಥ ಸಂದರ್ಭದಲ್ಲಿಯೇ. ಮೇಲಾಗಿ, 1581ರಲ್ಲಿ ರಿಚರ್ಡ್ ಹ್ಯಾಥವೇ ಬರೆಸಿದ ಮರಣಶಾಸನದಲ್ಲಿ ಈ ಇಬ್ಬರೂ ಕಾಣಿಸಿಕೊಳ್ಳುತ್ತಾರೆ. ಒಬ್ಬನು ಅದರ ಮೇಲ್ವಿಚಾರಕ, ಇನ್ನೊಬ್ಬನು ಸಾಕ್ಷಿ. ಅದರಲ್ಲಿ ಮಗಳ ಹೆಸರು ಆಗ್ನೆಸ್ ಎಂದಿದೆ. ಇದು ತಪ್ಪಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಆಗ್ನೆಸ್, ಆನ್ ಎರಡೂ ಒಂದೇ ಹೆಸರಿನ ಎರಡು ರೂಪಗಳಾಗಿ ಬಳಕೆಯಲ್ಲಿದ್ದುವು. 1601ರಲ್ಲಿ ಹ್ಯಾಥವೇ ಮನೆತನದ ಕುರುಬನೊಬ್ಬನು ತನ್ನ ಮರಣಶಾಸನದಲ್ಲಿ, ವಿಲಿಯಂ ಷೇಕ್ಸ್‌ಪಿಯರನ ಹೆಂಡತಿ ಆನ್‌ಳ ಕೈಯಲ್ಲಿರುವ ತನ್ನ 40 ಷಿಲಿಂಗನ್ನು ಊರಿನ ಬಡವರಿಗೆ ಕೊಡತಕ್ಕದ್ದೆಂದು ಬರೆಸಿದನು. ವೂಸ್ಟರಿನ ಗುಮಾಸ್ತನಿಗೂ ಈ ಕುರುಬನಿಗೂ ಏನೇನೂ ಸಂಬಂಧವಿಲ್ಲವೆಂಬುದೇ ಈ ಸಾಕ್ಷ್ಯದ ಬಲ.

ಟೆಂಪಲ್ ಗ್ರಾಫ್ಟನ್ ಎಂಬ ಊರಿನ ಹೆಸರು ಮಾತ್ರ ಪಾದ್ರಿ ವೇಟ್ಲಿಯಿಂದ ಬಂದುದಲ್ಲ. ಅದು ಸ್ಟ್ರಾಟ್‌ಫರ್ಡಿನಿಂದ ಸುಮಾರು 5 ಮೈಲಿ ದೂರದ ಹಳ್ಳಿ. ವಿವಾಹ ಅಲ್ಲಿ ನಡೆದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಸಾಲಿನ ಒಂದು ಪದ ತಪ್ಪಾದ ಮಾತ್ರಕ್ಕೆ ಪಕ್ಕದ ಪದವೂ ತಪ್ಪೆಂದು ತಳ್ಳಿಬಿಡಬಾರದು.

ಸಾಕ್ಷ್ಯಗಳು ಪರಸ್ಪರ ಸ್ವತಂತ್ರವಾಗಿರಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗುಮಾಸ್ತನೊಬ್ಬನು 100 ಹೆಸರುಗಳಲ್ಲಿ ಒಂದನ್ನು ತಪ್ಪಾಗಿ ಬರೆಯುವನೆಂದಿಟ್ಟುಕೊಳ್ಳೋಣ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಗುಮಾಸ್ತರು ಒಂದೇ ಹೆಸರಿನಲ್ಲಿ ತಪ್ಪುವ ಸಂಭವ 10,000ದಲ್ಲಿ ಒಂದು. ಇಬ್ಬರೂ ಅದೇ ತಪ್ಪನ್ನೇ ಮಾಡುವ ಸಂಭವ ಇನ್ನೂ ಎಷ್ಟೋ ಕಡಿಮೆ. ಆದರೆ ಎರಡನೆಯವನು ಮೊದಲನೆಯವನ ಪುಸ್ತಕವನ್ನು ನೋಡಿ ನಕಲು ಮಾಡಿದ್ದರೆ? ಆಗ ಎರಡಲ್ಲ, ಹತ್ತು ಪುಸ್ತಕಗಳು ಒಂದೇ ಹೆಸರನ್ನು ಹೇಳಿದರೂ ಅದು ಒಂದೇ ಸಾಕ್ಷ್ಯ. ಇಂಗ್ಲೆಂಡಿನ ವಹಿಗಳಲ್ಲಿ ಇಂಥ ನಕಲುಗಳಿಗೆ ಕೊರತೆಯಿಲ್ಲ. ವಿವಾಹ, ಜ್ಞಾನಸ್ನಾನ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿಯೇ ಆಜ್ಞೆಯಾಗಿತ್ತು. ಆ ಶತಮಾನದ ಕೊನೆಗೆ ಹಳೆಯ ಪುಸ್ತಕಗಳನ್ನು ಚರ್ಮಪತ್ರದ ಮೇಲೆ ನಕಲು ಮಾಡಬೇಕೆಂದೂ ವರ್ಷವರ್ಷವೂ ಬಿಷಪ್ಪನಿಗೆ ಒಂದು ಪ್ರತಿ ಕಳಿಸಬೇಕೆಂದೂ ಕಟ್ಟಳೆಯಾಯಿತು. 1837ರ ಜುಲೈ 1ರಿಂದ ಸರ್ಕಾರದ ನೋಂದಣಿ ಬಂದ ಮೇಲೆ ಮೂರು ತಿಂಗಳಿಗೊಮ್ಮೆ ಲಂಡನ್ನಿಗೆ ಪ್ರತಿಗಳು ಹೋದುವು, ಅಲ್ಲಿ ಅವುಗಳಿಂದ ಸೂಚಿಗಳಾದುವು. ತನ್ನ ಮುತ್ತಜ್ಜನನ್ನು ಸೂಚಿಯಲ್ಲಿ ಹುಡುಕುವವನು ನಕಲಿನ ನಕಲನ್ನು ಓದುತ್ತಿದ್ದಾನೆ. 1754ರಿಂದೀಚೆಗೆ ಮಾತ್ರ ವಧೂವರರೇ ವಹಿಯಲ್ಲಿ ರುಜು ಹಾಕುವುದು ಕಡ್ಡಾಯವಾಯಿತು. ಅವರು ಅಕ್ಷರಸ್ಥರಾಗಿದ್ದರೆ ಆ ರುಜುವಿನಲ್ಲಿ ಹೆಸರಿನ ನಿಜರೂಪ ಸಿಗುತ್ತದೆ. ಅಲ್ಲದಿದ್ದರೆ ಒಂದು ಗುಣಾಕಾರದ ಗುರುತು.

ಇದುವರೆಗೆ ಹೇಳಿದುವು ಆಕಸ್ಮಿಕ ದೋಷಗಳು. ಸ್ಕ್ರೂ ಗೇಜಿನ ಶೂನ್ಯದೋಷದಂತೆ, ಪ್ರತಿಯೊಂದು ಓದಿನಲ್ಲಿಯೂ ಒಂದೇ ದಿಕ್ಕಿಗೆ ವಾಲುವ ದೋಷವೂ ಉಂಟು. ಅದಕ್ಕೆ ಯಾವ ಗುಮಾಸ್ತನೂ ಹೊಣೆಯಲ್ಲ. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಪ್ರಾರಂಭವಾಗುತ್ತಿದ್ದುದು ಮಾರ್ಚ್ 25ರಂದು. ಒಂದು ದಂಪತಿಗೆ 1640ರ ಜೂನ್ 10ರಂದು ವಿವಾಹವಾಯಿತೆಂದೂ ಅವರ ಮೊದಲ ಮಗುವಿಗೆ 1640ರ ಮಾರ್ಚ್ 20ರಂದು ಜ್ಞಾನಸ್ನಾನವಾಯಿತೆಂದೂ ವಹಿ ಹೇಳಿದರೆ, ಅವಸರದ ಓದುಗನು ಮೂಗಿನ ಮೇಲೆ ಬೆರಳಿಡುತ್ತಾನೆ. ಆದರೆ ಅವರ 1640ರ ಮಾರ್ಚ್ 20 ಬರುವುದು ಜೂನಿನ ನಂತರ. ನಮ್ಮ ಲೆಕ್ಕದಲ್ಲಿ ಅದು 1641. ವಿವಾಹಕ್ಕೂ ಜ್ಞಾನಸ್ನಾನಕ್ಕೂ ಒಂಬತ್ತು ತಿಂಗಳು ಹತ್ತು ದಿನಗಳ ಅಂತರ! ಹೊಸ ಪದ್ಧತಿಗೆ ಬರುವಾಗ 1751ನೆಯ ವರ್ಷಕ್ಕೆ 282 ದಿನಗಳು ಮಾತ್ರ ಉಳಿದುವು. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿದರು. ಇಂಥ ದೋಷದ ಬೆಲೆ ಗೊತ್ತಾದರೆ ಕೂಡಿಯೋ ಕಳೆದೋ ಸರಿಪಡಿಸಬಹುದು. ನೂರು ವಹಿಗಳ ಸರಾಸರಿ ತೆಗೆದರೆ ಮಾತ್ರ ಅದು ಹೋಗುವುದಿಲ್ಲ.

ವಯಸ್ಸಿನ ವಿಷಯ ಬೇರೆಯೇ. ಅಲ್ಲಿ ತಪ್ಪುವವನು ಬರೆಯುವವನಿಗಿಂತ ಹೆಚ್ಚಾಗಿ ಹೇಳುವವನು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ವಿವಾಹ ವಹಿಗಳಲ್ಲಿ ವಯಸ್ಸಿನ ಬದಲು ‘ಪ್ರಾಪ್ತವಯಸ್ಕ’ ಎಂಬರ್ಥದ ಮಾತು ಮಾತ್ರ ಇರುತ್ತದೆ. ಅಂದರೆ 21 ತುಂಬಿದೆ ಎಂದಷ್ಟೇ. ತುಂಬದಿದ್ದವರೂ ಹಾಗೆ ಹೇಳಿಸಿಕೊಂಡದ್ದುಂಟು. ಜೂನ್ 1ರಂದೇ ಹುಟ್ಟಿದ ಅಸಂಖ್ಯ ಹಿರಿಯರನ್ನು ಶಾಲೆಯ ದಾಖಲೆಗಳಲ್ಲಿ ಕಂಡಿರುವ ನಾವು ಇದಕ್ಕಾಗಿ ಇಂಗ್ಲಿಷರನ್ನು ನೋಡಿ ನಗುವಂತಿಲ್ಲ.

ಆನ್ ಹ್ಯಾಥವೇಯ ವಯಸ್ಸು ತಿಳಿಯುವುದೂ ಒಂದೇ ಒಂದು ಕಡೆಯಿಂದ. 1623ರ ಆಗಸ್ಟ್ 6ರಂದು ಆಕೆ 67 ವರ್ಷದವಳಾಗಿ ತೀರಿಕೊಂಡಳೆಂದು ಸಮಾಧಿಯ ಮೇಲಿನ ಫಲಕ ಹೇಳುತ್ತದೆ. ಅದು ನಿಜವಾದರೆ ಮದುವೆಯ ಕಾಲಕ್ಕೆ ಆಕೆ ವರನಿಗಿಂತ ಎಂಟು ವರ್ಷ ಹಿರಿಯಳು. ಕೆತ್ತುವಾಗ 1 ಮತ್ತು 7 ಅಂಕಿಗಳು ಅದಲುಬದಲಾಗುವುದು ಸುಲಭವಾದ್ದರಿಂದ ಅದು 61 ಇದ್ದಿರಬಾರದೆ ಎಂದು ಕೇಳಿದವರಿದ್ದಾರೆ. ಹಾಗಿದ್ದರೆ ಆಕೆ ಹುಟ್ಟಿದ್ದು 1562ರ ಸುಮಾರಿಗೆ. ಸ್ಟ್ರಾಟ್‌ಫರ್ಡಿನ ಜ್ಞಾನಸ್ನಾನದ ವಹಿ ಪ್ರಾರಂಭವಾಗುವುದು 1558ರಿಂದ. ಆಕೆಯ ಹೆಸರು ಅದರಲ್ಲಿ ಇರಬೇಕಾಗಿತ್ತು. ಅದು ಅಲ್ಲಿಲ್ಲ. 67 ಸರಿಯಾದರೆ ಹುಟ್ಟಿದ್ದು 1556ರ ಸುಮಾರಿಗೆ, ಅಂದರೆ ಆ ವಹಿಯ ಮೊದಲ ಪುಟಕ್ಕಿಂತ ಎರಡು ವರ್ಷ ಹಿಂದೆ.