ನಾಯಕ ಪಾತ್ರಕ್ಕೆ ಯಾರು ಯೋಗ್ಯರು?

ಗಾನವೃಂದಕ್ಕೆ ಗಂಡು ಧ್ವನಿಗಳು ಸಿಗುವುದಿಲ್ಲವೆಂಬ ದೂರು ಕೇಳಿಬಾರದ ಧರ್ಮಕೇಂದ್ರ ನಮ್ಮಲ್ಲಿ ವಿರಳ. ಹೆಣ್ಣುಮಕ್ಕಳು ಬರುತ್ತಾರೆ, ಎಳೆಯರು ಬರುತ್ತಾರೆ. ಗಂಡಸರು ಮಾತ್ರ ದೇವಾಲಯದ ಹಿಂಬದಿಯ ಕಂಬಕ್ಕೆ ಒರಗಿ ನಿಂತುಬಿಡುತ್ತಾರೆ. ಈ ದೂರು ಇಂದಿನದಲ್ಲ, ನಮ್ಮದು ಮಾತ್ರವೂ ಅಲ್ಲ. ಲಂಡನ್ನಿನ ಚೆಸ್ಟರ್ ಸ್ಕ್ವೇರಿನಲ್ಲಿರುವ ಸಂತ ಮೈಕೇಲರ ಆಂಗ್ಲಿಕನ್ ದೇವಾಲಯದಲ್ಲಿ 1860ರ ದಶಕದಲ್ಲಿ ಆರ್ಗನ್ ನುಡಿಸುತ್ತಿದ್ದ ಆರ್ಥರ್ ಸಲಿವನ್ ಎಂಬ ತರುಣ ಸಂಗೀತಗಾರನನ್ನೂ ಇದೇ ಚಿಂತೆ ಕಾಡಿತ್ತು. ಸ್ತ್ರೀ ಧ್ವನಿಗಳಿಗೆ ಕೊರತೆಯಿರಲಿಲ್ಲ. ಟೆನರ್ ಮತ್ತು ಬಾಸ್ ಹಾಡುವವರು ಇರಲಿಲ್ಲ. ಆತ ಮಾಡಿದ ಉಪಾಯ ಸ್ವಾರಸ್ಯಕರವಾದುದು. ದೇವಾಲಯದ ಸಮೀಪದಲ್ಲೇ ಇದ್ದ ಪೊಲೀಸ್ ಠಾಣೆಯ ಅಧಿಕಾರಿಯನ್ನು ಒಲಿಸಿಕೊಂಡು, ಪೊಲೀಸರ ನಡುವಿನಿಂದಲೇ ಆರು ಮಂದಿ ಟೆನರರನ್ನೂ ಆರು ಮಂದಿ ಬಾಸ್ ಗಾಯಕರನ್ನೂ ಆರಿಸಿ ತಂದನು. ದೀರ್ಘ ಗಸ್ತು ಮುಗಿಸಿ ದಣಿದು ಬಂದರೂ ಅವರು ಅಭ್ಯಾಸಕ್ಕೆ ನಿಲ್ಲುತ್ತಿದ್ದುದನ್ನು ಸಲಿವನ್ ಮುಂದೆ ಪ್ರೀತಿಯಿಂದ ನೆನೆದಿದ್ದಾನೆ. ಹಲವು ವರ್ಷಗಳ ಬಳಿಕ ತನ್ನ ಹಾಸ್ಯ ಗೀತನಾಟಕವೊಂದರಲ್ಲಿ ಪೊಲೀಸರ ಹಾಡಿಗೆ ರಾಗ ಕಟ್ಟುವಾಗ ಆ ಹಳೆಯ ಗಾನವೃಂದವೇ ಆತನ ಮನಸ್ಸಿನಲ್ಲಿತ್ತು.

ಆ ಗೀತನಾಟಕದ ಹೆಸರು 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್', ಅಂದರೆ ಪೆನ್ಜಾನ್ಸ್ ಊರಿನ ಕಡಲುಗಳ್ಳರು. 1879ರ ಡಿಸೆಂಬರ್ 31ರಂದು ಅದು ನ್ಯೂಯಾರ್ಕ್‌ನಲ್ಲಿ ವಿಧಿವತ್ತಾಗಿ ರಂಗವೇರಿತು. 1880ರ ಏಪ್ರಿಲ್ 3ರಂದು ಲಂಡನ್ನಿಗೆ ಬಂದಿತು. ಸಾಹಿತ್ಯ ಡಬ್ಲ್ಯು. ಎಸ್. ಗಿಲ್ಬರ್ಟನದು, ಸಂಗೀತ ಸಲಿವನ್ನನದು. 1871ರಿಂದ 1896ರವರೆಗೆ ಇವರಿಬ್ಬರು ಸೇರಿ ಇಂತಹ 14 ಕೃತಿಗಳನ್ನು ರಚಿಸಿದರು. ಬಹುಕಾಲ ಇವುಗಳ ಪ್ರದರ್ಶನದ ಹಕ್ಕು ಇಂಗ್ಲೆಂಡಿನಲ್ಲಿ ಡಾಯ್ಲಿ ಕಾರ್ಟ್ ಮನೆತನದ ಕೈಯಲ್ಲಿದ್ದು, ಹವ್ಯಾಸಿ ಸಂಘಗಳು ಅವರ ಅನುಮತಿ ಪಡೆದೇ ಆಡಬೇಕಾಗಿತ್ತು. ಗಿಲ್ಬರ್ಟ್ 1911ರಲ್ಲಿ ತೀರಿಕೊಂಡು ಐವತ್ತು ವರ್ಷ ತುಂಬಿದ 1961ರ ಕೊನೆಗೆ ಆ ಕಟ್ಟು ಸಡಿಲಿತು. ಅಲ್ಲಿಂದೀಚೆಗೆ ಶಾಲೆಯ ವೇದಿಕೆಯಾಗಲಿ, ದೇವಾಲಯದ ಸಭಾಂಗಣವಾಗಲಿ, ಎಲ್ಲಿ ನಾಲ್ವರು ಹಾಡುವವರೂ ಒಂದು ಪಿಯಾನೋವೂ ಇವೆಯೋ ಅಲ್ಲೆಲ್ಲ ಇವು ನಡೆಯಬಹುದು. ನಡೆಯುತ್ತಲೂ ಇವೆ. 1994ರಲ್ಲಿ ಇಂಗ್ಲೆಂಡಿನ ಬಕ್ಸ್‌ಟನ್ ಪಟ್ಟಣದಲ್ಲಿ ಇವುಗಳಿಗೆಂದೇ ಒಂದು ಅಂತರರಾಷ್ಟ್ರೀಯ ಉತ್ಸವವೂ ಆರಂಭಗೊಂಡಿತು. ಆಡುವವರು ಶಿಕ್ಷಕರು, ಬ್ಯಾಂಕ್ ನೌಕರರು, ಅಂಗಡಿಯವರು, ನಿವೃತ್ತರು. ಸಂಬಳವಿಲ್ಲ, ಬದಲಾಗಿ ಸಂಘಕ್ಕೆ ಚಂದಾ ಕಟ್ಟಿ ಹಾಡುವವರೇ ಹೆಚ್ಚು.

ಇಂತಹ ಸಂಘ ವರ್ಷದ ನಾಟಕವನ್ನು ಗೊತ್ತುಮಾಡಿದೊಡನೆ ಎದುರಾಗುವ ಮೊದಲ ಕಂಟಕವೇ ಪುರುಷ ನಾಯಕ ಪಾತ್ರಗಳ ಪರೀಕ್ಷೆ. ಸ್ತ್ರೀ ಪಾತ್ರವೊಂದಕ್ಕೆ ಹತ್ತು ಮಂದಿ ಬಂದು ನಿಂತರೆ, ಪುರುಷ ಪಾತ್ರಕ್ಕೆ ಒಬ್ಬನೋ ಇಬ್ಬರೋ ಬರುವುದು ಅಲ್ಲಿ ಸಾಮಾನ್ಯ. 'ಪೈರೇಟ್ಸ್' ನಾಟಕಕ್ಕಂತೂ ಟೆನರ್ ಧ್ವನಿಯ ಫ್ರೆಡರಿಕ್, ಗಂಭೀರ ಧ್ವನಿಯ ಕಡಲುಗಳ್ಳರ ರಾಜ, ವಿನೋದದ ಮೇಜರ್ ಜನರಲ್, ಪಾತಾಳದಿಂದೆದ್ದಂತಹ ಬಾಸ್ ಧ್ವನಿಯ ಪೊಲೀಸ್ ಸಾರ್ಜೆಂಟ್, ಇವರೆಲ್ಲ ಬೇಕು. ಇವರ ಜೊತೆಗೆ ಕಳ್ಳರ ಗುಂಪೊಂದು, ಪೊಲೀಸರ ಗುಂಪೊಂದು. ಎರಡನೆಯ ಅಂಕದಲ್ಲಿ ಈ ಎರಡು ಗುಂಪುಗಳೂ ರಂಗದ ಮೇಲೆಯೇ ಕೈಕೈ ಮಿಲಾಯಿಸುವುದರಿಂದ, ಅದೇ ಗಂಡಸರಿಗೆ ಟೊಪ್ಪಿಗೆ ಬದಲಿಸಿ ಎರಡು ವೇಷ ಕಟ್ಟಿಸುವ ಉಪಾಯವೂ ಇಲ್ಲಿ ಸಾಗದು. ಟೆನರ್ ಒಬ್ಬ ಸಿಗದೆ ಹೋದರೆ ಇಡೀ ವರ್ಷದ ಯೋಜನೆಯೇ ಕುಸಿಯುತ್ತದೆ. ಆದ್ದರಿಂದಲೇ ಬಂದವನಿಗೆಲ್ಲ ಪಾತ್ರ ಕೊಟ್ಟುಬಿಡೋಣವೆಂಬ ಪ್ರಲೋಭನೆ ಬಲವಾಗಿರುತ್ತದೆ.

ಪರೀಕ್ಷೆಯ ಕ್ರಮ ಸರಳವಾದುದು. ದಿನಾಂಕವನ್ನೂ ಹಾಡಬೇಕಾದ ಭಾಗಗಳನ್ನೂ ಮುಂಚಿತವಾಗಿ ತಿಳಿಸಲಾಗುತ್ತದೆ. ಅಭ್ಯರ್ಥಿ ಒಳಗೆ ಬರುತ್ತಾನೆ. ಎದುರಿಗೆ ಸಂಗೀತ ನಿರ್ದೇಶಕ, ರಂಗ ನಿರ್ದೇಶಕ, ಸಮಿತಿಯ ಒಬ್ಬಿಬ್ಬರು. ಪಕ್ಕದಲ್ಲಿ ಪಿಯಾನೋ ನುಡಿಸುವವರು. ಪಾತ್ರದ ಒಂದು ಹಾಡು, ಒಂದಿಷ್ಟು ಸಂಭಾಷಣೆ, ಕೆಲವೊಮ್ಮೆ ನಾಲ್ಕು ಹೆಜ್ಜೆ ಕುಣಿತ. ಎಲ್ಲವೂ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ಸರಳವಲ್ಲದ್ದು ಬೇರೆಯೇ ಇದೆ. ಇಲ್ಲಿ ಅಳೆಯುವವನೂ ಅಳೆಸಿಕೊಳ್ಳುವವನೂ ಒಂದೇ ಊರಿನವರು. ನಾಳೆ ಅದೇ ಸಂತೆಯಲ್ಲಿ ಭೇಟಿಯಾಗಬೇಕಾದವರು, ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗಬೇಕಾದವರು. ವೃತ್ತಿನಾಟಕದ ಮಾಲಿಕನಿಗೆ ಈ ಇಕ್ಕಟ್ಟಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಮ್ಮಂಥವರಿಗೆ ಈ ಸಂದರ್ಭದಲ್ಲಿ ಅರಿಸ್ಟಾಟಲನ ಕೊಳಲು ನೆನಪಾಗದಿರದು. ಉತ್ತಮವಾದ ಕೊಳಲುಗಳಿವೆಯೆಂದಾದರೆ ಅವನ್ನು ಯಾರಿಗೆ ಕೊಡಬೇಕು? ಕುಲೀನನಿಗೋ, ಸ್ಫುರದ್ರೂಪಿಗೋ? ಇಲ್ಲ, ಚೆನ್ನಾಗಿ ಕೊಳಲು ನುಡಿಸುವವನಿಗೆ ಎಂದು ಆತ ತನ್ನ 'ರಾಜನೀತಿ' ಗ್ರಂಥದ ಮೂರನೆಯ ಭಾಗದಲ್ಲಿ ವಾದಿಸುತ್ತಾನೆ. ಕುಲವೂ ರೂಪವೂ ಕೊಳಲಿನ ವಿದ್ಯೆಗಿಂತ ದೊಡ್ಡ ಭಾಗ್ಯಗಳಾಗಿರಬಹುದು. ಆದರೆ ಅವು ಕೊಳಲನ್ನು ನುಡಿಸಲಾರವು. ಸಂತ ಥಾಮಸ್ ಅಕ್ವಿನಾಸರು ಇದೇ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ನಾವು ಆಡುಮಾತಿನಲ್ಲಿ ಮುಖದಾಕ್ಷಿಣ್ಯವೆನ್ನುವುದನ್ನು ಅವರು ಹಂಚಿಕೆಯ ನ್ಯಾಯಕ್ಕೆ ವಿರುದ್ಧವಾದ ಪಾಪವೆಂದೇ ಎಣಿಸಿದರು. ಒಬ್ಬನಿಗೆ ಸಾಕಷ್ಟು ವಿದ್ಯೆ ಇದೆಯೆಂದು ಅಧ್ಯಾಪಕ ಪದವಿ ಕೊಟ್ಟರೆ ಅದು ನ್ಯಾಯ; ಆತ ಪೇತ್ರನೆಂದೋ ಮಾರ್ಟಿನನೆಂದೋ ಕೊಟ್ಟರೆ ಅದು ದಾಕ್ಷಿಣ್ಯ. ಅವರ ಇನ್ನೊಂದು ಮಾತು ಇನ್ನೂ ಸೂಕ್ಷ್ಮವಾದುದು. ಒಂದು ಗುಣ ಒಂದು ವಿಷಯದಲ್ಲಿ ಯೋಗ್ಯತೆಯಾಗಿದ್ದು ಮತ್ತೊಂದರಲ್ಲಿ ಆಗದಿರಬಹುದು. ರಕ್ತಸಂಬಂಧ ಆಸ್ತಿಯ ಹಕ್ಕಿಗೆ ಆಧಾರ, ಧರ್ಮಸಭೆಯ ಪದವಿಗೆ ಅಲ್ಲ.

ಹಾಗಾದರೆ ಹಾಸ್ಯ ಗೀತನಾಟಕದ ನಾಯಕನಿಗೆ ಯಾವುದು ಯೋಗ್ಯತೆ? ದೊಡ್ಡ ಧ್ವನಿಯೆಂದು ಹೊರಗಿನವರು ಭಾವಿಸುತ್ತಾರೆ. ಇತಿಹಾಸ ಹೇಳುವುದು ಬೇರೆ.

1877ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ 'ದಿ ಸಾರ್ಸರರ್' ಎಂಬ ನಾಟಕ ಸಿದ್ಧಪಡಿಸುತ್ತಿದ್ದಾಗ ಮಾಂತ್ರಿಕನ ಪಾತ್ರಕ್ಕೆ ಒಬ್ಬನನ್ನು ಹುಡುಕಬೇಕಾಯಿತು. ಸಲಿವನ್ನನ ಅಣ್ಣ ಫ್ರೆಡ್ ಎರಡು ವರ್ಷಗಳ ಹಿಂದೆ 'ಟ್ರಯಲ್ ಬೈ ಜ್ಯೂರಿ'ಯಲ್ಲಿ ನ್ಯಾಯಾಧೀಶನಾಗಿ ಜನರನ್ನು ನಗಿಸಿದ್ದನು. ಬದುಕಿದ್ದರೆ ಬಹುಶಃ ಈ ಪಾತ್ರವೂ ಆತನಿಗೇ ಸಲ್ಲುತ್ತಿತ್ತು. ಆದರೆ ಅದೇ ವರ್ಷದ ಜನವರಿಯಲ್ಲಿ ಆತ ತೀರಿಕೊಂಡಿದ್ದನು. ಅಣ್ಣನ ಕೊನೆಯ ಕಾಯಿಲೆಯ ದಿನಗಳಲ್ಲಿ ಸಲಿವನ್ ರಾಗ ಕಟ್ಟಿದ 'ದಿ ಲಾಸ್ಟ್ ಕಾರ್ಡ್' ಎಂಬ ಗೀತೆ ಲೋಕಪ್ರಸಿದ್ಧವಾಯಿತು. ಅದರ ಕವಯಿತ್ರಿ ಅಡಿಲೇಡ್ ಪ್ರಾಕ್ಟರ್ ಕಥೋಲಿಕ ಧರ್ಮಸಭೆಯನ್ನು ಸೇರಿದವಳೆಂಬುದನ್ನು ನಮ್ಮ ಓದುಗರಿಗಾಗಿ ಇಲ್ಲಿ ಸೇರಿಸುತ್ತೇವೆ.

ಆ ತೆರವಾದ ಸ್ಥಾನಕ್ಕೆ ಕರೆ ಬಂದದ್ದು ಜಾರ್ಜ್ ಗ್ರಾಸ್‌ಮಿತ್ ಎಂಬ ಸಣ್ಣ ಆಳ್ತನದ ಮನುಷ್ಯನಿಗೆ. ಆತ ನ್ಯಾಯಾಲಯದ ವರದಿಗಾರನಾಗಿ ದುಡಿದವನು. ಪಿಯಾನೋ ಮುಂದೆ ಒಬ್ಬನೇ ಕುಳಿತು ಸಣ್ಣ ಊರುಗಳ ಸಭಾಂಗಣಗಳಲ್ಲಿ ವಿನೋದ ಪ್ರಸಂಗಗಳನ್ನು ನಡೆಸಿಕೊಡುತ್ತಿದ್ದವನು. ಕರೆಸುತ್ತಿದ್ದವರಲ್ಲಿ ಯುವ ಕ್ರೈಸ್ತ ಸಂಘಗಳಂತಹ ಶ್ರದ್ಧಾವಂತ ಸಂಸ್ಥೆಗಳಿದ್ದವು. ರಂಗಭೂಮಿಗೆ ಕಾಲಿಟ್ಟರೆ ಅವರು ಮತ್ತೆ ಕರೆಯಲಾರರು. ನಾಟಕವೂ ಸೋತರೆ ಮನೆಯ ಅನ್ನಕ್ಕೆ ಸಂಚಕಾರ. ಆತನ ಅಳುಕು ಬಡಾಯಿಯ ಅಳುಕಾಗಿರಲಿಲ್ಲ. ಸಲಿವನ್ ನಡೆಸಿದ ಪರೀಕ್ಷೆಯನ್ನು ಗ್ರಾಸ್‌ಮಿತ್ 1888ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ವರ್ಣಿಸಿದ್ದಾನೆ. ಪಿಯಾನೋದಲ್ಲಿ ಒಂದು ಸ್ವರ ಒತ್ತಿ, ಇದನ್ನು ಗಟ್ಟಿಯಾಗಿ ಹಾಡೆಂದನಂತೆ. ಹಾಡಿದ್ದಾಯಿತು. ಬಳಿಕ ಮಾಂತ್ರಿಕನ ವೇಗದ ಹಾಡನ್ನು ತಾನೇ ಹಾಡಿ ತೋರಿಸಿ, ಇದು ನಿನ್ನಿಂದಾದರೆ ಉಳಿದದ್ದೂ ಆಗುತ್ತದೆಂದನಂತೆ. ಅಷ್ಟಕ್ಕೆ ಪರೀಕ್ಷೆ ಮುಗಿಯಿತು. ಗಿಲ್ಬರ್ಟನ ಬಳಿ ಹೋಗಿ, ಮಾಂತ್ರಿಕನಾಗಲು ಭವ್ಯವಾದ ಆಕಾರವೂ ಭವ್ಯವಾದ ಧ್ವನಿಯೂ ಬೇಡವೇ ಎಂದು ಸಂಕೋಚದಿಂದ ಕೇಳಿದಾಗ, ತಮಗೆ ಬೇಡವಾದದ್ದೇ ಅದು ಎಂಬ ಉತ್ತರ ದೊರೆಯಿತು. ಕಂಪೆನಿಗೆ ಹಣ ಹಾಕಿದವರಿಗೆ ಈ ಆಯ್ಕೆ ಒಪ್ಪಿಗೆಯಾಗಲಿಲ್ಲ. ಬೇಡವೆಂದು ತಂತಿ ಕಳುಹಿಸಿದರು. ರಚಯಿತರು ಜಗ್ಗಲಿಲ್ಲ. ನವೆಂಬರ್ 17ರಂದು ನಾಟಕ ರಂಗವೇರಿತು. ಮುಂದೆ 'ಪೈರೇಟ್ಸ್' ಲಂಡನ್ನಿಗೆ ಬಂದಾಗ ಮೇಜರ್ ಜನರಲ್ ಆದವನೂ ಇದೇ ಗ್ರಾಸ್‌ಮಿತ್.

ಮೇಜರ್ ಜನರಲ್ಲನ ಹಾಡಿನ ಪರಿಚಯವಿರುವವರಿಗೆ ಕಾರಣ ಒಡನೆಯೇ ಹೊಳೆಯುತ್ತದೆ. ಗಣಿತ, ಇತಿಹಾಸ, ಪುರಾಣ, ಎಲ್ಲವೂ ತನಗೆ ಗೊತ್ತು, ಯುದ್ಧವಿದ್ಯೆಯೊಂದನ್ನು ಬಿಟ್ಟು ಎಂದು ಆ ಸೇನಾಧಿಕಾರಿ ಉಸಿರು ಬಿಡದೆ ಹೇಳಿಕೊಳ್ಳುತ್ತಾನೆ. ಅಲ್ಲಿ ಸ್ವರದ ಮಾಧುರ್ಯಕ್ಕಿಂತ ನಾಲಗೆಯ ಸ್ಪಷ್ಟತೆ ಮುಖ್ಯ. ಪ್ರತಿಯೊಂದು ವ್ಯಂಜನವೂ ಕೊನೆಯ ಬೆಂಚಿನವನ ಕಿವಿಗೆ ತಲಪಬೇಕು; ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಪಾತ್ರಪರೀಕ್ಷೆಗೆ ಬಂದವರು ಬಹುಪಾಲು ಎಡವುವುದು ವೇಗದಲ್ಲಿಯೇ. ನಿಧಾನವಾಗಿ, ಅಕ್ಷರ ಬಿಡದೆ ಹಾಡಿದವನಿಗೆ ವೇಗವನ್ನು ಕಲಿಸಬಹುದು. ಓಡಿಹೋಗಿ ಮುಗ್ಗರಿಸಿದವನಿಗೆ ಮೊದಲಿನಿಂದ ನಡೆಯಲು ಕಲಿಸಬೇಕಾಗುತ್ತದೆ.

ಫ್ರೆಡರಿಕ್‌ನ ಪಾತ್ರದ ಕಷ್ಟ ಮತ್ತೊಂದು ಬಗೆಯದು. ಬಾಲ್ಯದಲ್ಲಿ ಅವನನ್ನು ಹಡಗಿಗೆ ದಾರಿ ತೋರುವವನ ಬಳಿ ಕೆಲಸ ಕಲಿಯಲು ಬಿಡಬೇಕಾಗಿತ್ತು. ದಾದಿಯ ಕಿವಿ ಮಂದವಾಗಿದ್ದುದರಿಂದ ಕಡಲುಗಳ್ಳನ ಬಳಿ ಬಿಟ್ಟಳು. ಒಪ್ಪಂದವಾಯಿತಲ್ಲ ಎಂಬ ಒಂದೇ ಕಾರಣಕ್ಕೆ ಅವನು ನಿಷ್ಠೆಯಿಂದ ಕಳ್ಳನಾಗಿ ದುಡಿಯುತ್ತಾನೆ. ಅವಧಿ ಮುಗಿಯಿತೆಂದು ಹೊರಬಂದಾಗ ಇನ್ನೊಂದು ತೊಡಕು. ಅವನು ಹುಟ್ಟಿದ್ದು ಫೆಬ್ರವರಿ 29ರಂದು. ಒಪ್ಪಂದದಲ್ಲಿರುವುದು ಇಪ್ಪತ್ತೊಂದು ವರ್ಷವಲ್ಲ, ಇಪ್ಪತ್ತೊಂದನೆಯ ಹುಟ್ಟುಹಬ್ಬ. ಹಾಗಾದರೆ ಮುದುಕನಾಗುವವರೆಗೂ ಕಳ್ಳತನವೇ ಕರ್ತವ್ಯ! ಕರ್ತವ್ಯಕ್ಕಾಗಿಯೇ ಕರ್ತವ್ಯವೆಂದ ಜರ್ಮನಿಯ ಕಾಂಟ್ ಈ ನಾಟಕ ನೋಡಿದ್ದರೆ ನಗುತ್ತಿದ್ದನೋ ಇಲ್ಲವೋ ನಾವು ಹೇಳಲಾರೆವು. ಆದರೆ ಫ್ರೆಡರಿಕ್ ಆಗುವವನು ಮಾತ್ರ ನಗಕೂಡದು. ಹಾಸ್ಯವನ್ನು ಪೂರ್ಣ ಗಾಂಭೀರ್ಯದಿಂದ ಆಡಬೇಕೆಂಬುದು ಗಿಲ್ಬರ್ಟನ ಕಟ್ಟುನಿಟ್ಟಾದ ನಿಯಮವಾಗಿತ್ತು. ಪಾತ್ರ ತನ್ನ ಅಸಂಬದ್ಧತೆಯನ್ನು ತಾನೇ ನಂಬಿರಬೇಕು. ಪರೀಕ್ಷೆಯ ಕೋಣೆಯಲ್ಲಿ ಕಣ್ಣು ಮಿಟುಕಿಸಿ, ಮುಖ ಸೊಟ್ಟ ಮಾಡಿ, ಆಯ್ಕೆಗಾರರನ್ನು ನಗಿಸಲು ಹೊರಟವನು ಆ ಕ್ಷಣಕ್ಕೆ ಗೆದ್ದಂತೆ ಕಂಡರೂ ಎರಡು ಗಂಟೆಗಳ ನಾಟಕದಲ್ಲಿ ಬೇಸರ ಹುಟ್ಟಿಸುತ್ತಾನೆ.

ಇಲ್ಲಿಯೇ ಸಂಘಗಳನ್ನು ಕಾಡುವ ನೋವಿನ ಪ್ರಶ್ನೆ ಬರುತ್ತದೆ. ಮೂವತ್ತು ವರ್ಷ ಸಂಘಕ್ಕಾಗಿ ಕುರ್ಚಿ ಹೊತ್ತು, ಟಿಕೆಟು ಮಾರಿ, ಟೆನರ್ ಇಲ್ಲದಾಗಲೆಲ್ಲ ತಾನೇ ನಿಂತು ನಾಟಕವನ್ನು ಉಳಿಸಿದ ಹಿರಿಯರೊಬ್ಬರಿರುತ್ತಾರೆ. ಈಗ ಅರುವತ್ತು ದಾಟಿದೆ; ತಲೆ ನರೆತಿದೆ, ಮೇಲಿನ ಸ್ವರಗಳು ಒಡೆಯುತ್ತಿವೆ. ಅದೇ ವರ್ಷ ಊರಿಗೆ ಹೊಸದಾಗಿ ಬಂದ ಹುಡುಗನೊಬ್ಬ ಪರೀಕ್ಷೆಗೆ ನಿಲ್ಲುತ್ತಾನೆ. ಪಾತ್ರದ ವಯಸ್ಸು ಇಪ್ಪತ್ತೊಂದು. ಹಿರಿಯರ ಸೇವೆ ಯೋಗ್ಯತೆಯಲ್ಲವೇ? ಖಂಡಿತವಾಗಿ ಯೋಗ್ಯತೆಯೇ, ಆದರೆ ಯಾವುದಕ್ಕೆ? ಅಕ್ವಿನಾಸರ ಅಳತೆಗೋಲಿನಿಂದ ನೋಡಿದರೆ ಆ ಸೇವೆಗೆ ಸನ್ಮಾನ ಸಲ್ಲುತ್ತದೆ, ಸಂಘದ ಅಧ್ಯಕ್ಷ ಪದವಿ ಸಲ್ಲಬಹುದು, ಕೊಳಲು ಸಲ್ಲುವುದಿಲ್ಲ. ಇದನ್ನು ಬರೆಯುವುದು ಸುಲಭ. ಸಮಿತಿಯ ಮೇಜಿನ ಮುಂದೆ ಕುಳಿತು ಅವರ ಮುಖ ನೋಡಿ ಹೇಳುವುದು ಸುಲಭವಲ್ಲವೆಂಬುದನ್ನು, ಧರ್ಮಕೇಂದ್ರದ ಹಬ್ಬದ ನಾಟಕಕ್ಕೆ ಪಾತ್ರ ಹಂಚಿದ ಯಾರೂ ಬಲ್ಲರು.

ಆದರೂ ಹೇಳದೆ ಬಿಡುವುದರಿಂದ ಆಗುವ ಅನ್ಯಾಯ ಇಬ್ಬರಿಗೆ. ಹುಡುಗನಿಗಂತೂ ಸರಿಯೇ, ಅವನು ಮರುವರ್ಷ ಬರುವುದಿಲ್ಲ. ಹಿರಿಯರಿಗೂ ಹೌದು. ಒಡೆದ ಸ್ವರಕ್ಕೆ ಸಭೆಯಲ್ಲಿ ಯಾರೋ ಕಿಸಕ್ಕೆಂದಾಗ ಅದನ್ನು ಕೇಳಿಸಿಕೊಳ್ಳಬೇಕಾದವರು ಅವರೇ, ಸಮಿತಿಯಲ್ಲ. ನಾವು ಮೆಚ್ಚುವ ಕ್ರಮವೆಂದರೆ, ಫಲಿತಾಂಶದ ಪಟ್ಟಿ ಗೋಡೆಗೆ ಅಂಟುವ ಮುನ್ನ ಸಿಗದವರಿಗೆ ಮೊದಲು ಸುದ್ದಿ ಮುಟ್ಟಿಸುವುದು. ನಿರ್ದೇಶಕರೇ ಮನೆಗೆ ಹೋಗಿಯಾದರೂ ಸರಿ, ದೂರವಾಣಿಯಲ್ಲಾದರೂ ಸರಿ, ಕಾರಣವನ್ನು ಎರಡು ಮಾತಿನಲ್ಲಿ ನೇರವಾಗಿ ತಿಳಿಸಬೇಕು. ಸುಳ್ಳು ಹೊಗಳಿಕೆಯ ಮುಲಾಮು ಹಚ್ಚುವುದು ಬೇಡ. ಜೊತೆಗೆ ಮಾಡಲು ಒಂದು ನಿಜವಾದ ಕೆಲಸವನ್ನು ಮುಂದಿಡಬೇಕು: ಹೊಸ ಹುಡುಗನಿಗೆ ಪಾಠ ಹೇಳಿಕೊಡುವುದೋ, ಇನ್ನೊಂದು ಪಾತ್ರವೋ.

ಇನ್ನೊಂದು ಪಾತ್ರವೆಂದರೆ ಕೀಳೆಂದು ತಿಳಿಯುವವರಿಗೆ ರಟ್ಲೆಂಡ್ ಬ್ಯಾರಿಂಗ್ಟನ್ನನ ಸಂಗತಿಯೊಂದಿದೆ. 'ಸಾರ್ಸರರ್' ನಾಟಕದಲ್ಲಿ ಆತ ಊರಿನ ಪಾದ್ರಿಯ ಮೆದು ಸ್ವಭಾವದ ಪಾತ್ರವಹಿಸಿ ಹೆಸರು ಪಡೆದಿದ್ದನು. 'ಪೈರೇಟ್ಸ್' ಲಂಡನ್ನಿಗೆ ಬಂದಾಗ ಆತನಿಗೆ ದೊರೆತದ್ದು ಪೊಲೀಸ್ ಸಾರ್ಜೆಂಟನ ವೇಷ. ಸಾರ್ಜೆಂಟ್ ಮೊದಲನೆಯ ಅಂಕದಲ್ಲಿ ರಂಗಕ್ಕೆ ಬರುವುದೇ ಇಲ್ಲ. ಎರಡನೆಯದರಲ್ಲೂ ಇರುವುದು ಸ್ವಲ್ಪ ಹೊತ್ತು. ಕಳ್ಳರನ್ನು ಹಿಡಿಯಲು ಹೊರಟು, ಹೋಗುತ್ತೇವೆ ಹೋಗುತ್ತೇವೆ ಎನ್ನುತ್ತಲೇ ನಿಂತಲ್ಲಿಂದ ಕದಲದ ತನ್ನ ಪಡೆಯ ಮುಂದೆ ನಿಂತು, ಪೊಲೀಸನ ಬಾಳು ಸುಖದ್ದಲ್ಲವೆಂದು ತಗ್ಗಿದ ಸ್ವರದಲ್ಲಿ ತೋಡಿಕೊಳ್ಳುತ್ತಾನೆ. ಪ್ರೇಕ್ಷಕರು ಮತ್ತೆ ಮತ್ತೆ ಹಾಡಿಸುವುದು ಆ ಹಾಡನ್ನೇ. ಅದಕ್ಕೆ ಬೇಕಾದ ಸ್ವರಗಳೆಲ್ಲ ಕೆಳಗಿನವು. ನರೆತ ತಲೆ ಟೊಪ್ಪಿಗೆಯೊಳಗೆ ಅಡಗುತ್ತದೆ.