ಹೊಲದ ಮಣ್ಣು, ಹಳ್ಳದ ನೀರು: ಲೆಕ್ಕ ಬಿಚ್ಚಿಟ್ಟ ಗಣಕ ಸಾಧನ

ಮುಂಗಾರಿನ ಮೊದಲ ಬಿರುಸು ಮಳೆಯ ಮರುದಿನ ಹಳ್ಳದ ನೀರು ಕೆಂಪಗೋ ಕಪ್ಪಗೋ ಹರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಆ ಬಣ್ಣ ನಿಮ್ಮ ಹೊಲದ ಮೇಲ್ಮಣ್ಣಿನದು. ಎಷ್ಟು ಮಣ್ಣು ಹೋಯಿತು? ಬಿದ್ದ ಮಳೆಯಲ್ಲಿ ಎಷ್ಟು ಪಾಲು ನೆಲಕ್ಕಿಳಿಯಿತು, ಎಷ್ಟು ಪಾಲು ಕೆರೆ ಸೇರಿತು? ಬದು ಹಾಕಿದರೆ ಎಷ್ಟು ಉಳಿದೀತು? ತಡೆ ಅಣೆಯನ್ನು ಹಳ್ಳದ ಮೇಲ್ಭಾಗದಲ್ಲಿ ಕಟ್ಟಬೇಕೋ ಕೆಳಭಾಗದಲ್ಲೋ? ಜಲಾನಯನ ಕಾಮಗಾರಿಗೆ ಹಣ ಹಾಕುವ ಮೊದಲು ಇವಕ್ಕೆ ಉತ್ತರ ಬೇಕು. ಈಗೀಗ ಈ ಉತ್ತರಗಳನ್ನು ಗಣಕಯಂತ್ರದ ಲೆಕ್ಕದಿಂದ ಪಡೆಯುವ ರೂಢಿ ಬೆಳೆದಿದೆ.

ಗಣಕಯಂತ್ರ ತಾನಾಗಿ ಏನನ್ನೂ ಮಾಡದು. ಯಾವ ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಅದಕ್ಕೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟದ್ದೇ ತಂತ್ರಾಂಶ. ಮಣ್ಣು-ನೀರಿನ ಲೆಕ್ಕಕ್ಕೆ ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಒಂದರ ಹೆಸರು ‘ಸ್ವಾಟ್’. ಅಮೆರಿಕ ಸರ್ಕಾರದ ಕೃಷಿ ಇಲಾಖೆಯೂ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವೂ ಕೂಡಿ ಇದನ್ನು ಬೆಳೆಸಿವೆ. ಇದಕ್ಕೆ ಬೆಲೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಳಗಿನ ಲೆಕ್ಕವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಕೊಡಬಹುದು. ಇಂಥದಕ್ಕೆ ಮುಕ್ತ ತಂತ್ರಾಂಶ ಎನ್ನುತ್ತಾರೆ.

ಬೀಜದ ಹೋಲಿಕೆಯಿಂದ ಇದು ಬೇಗ ತಿಳಿಯುತ್ತದೆ. ಸುಧಾರಿತ ತಳಿಯ ಬೀಜವನ್ನು ನೀವು ಉಳಿಸಿಕೊಂಡು ಮರುವರ್ಷ ಬಿತ್ತಬಹುದು, ನೆರೆಯವರಿಗೆ ಒಂದು ಸೇರು ಕೊಡಬಹುದು, ನಿಮ್ಮ ಹೊಲಕ್ಕೆ ಒಗ್ಗಿದ ತೆನೆಯನ್ನೇ ಆರಿಸಿ ಮುಂದುವರಿಸಬಹುದು. ಹೈಬ್ರಿಡ್ ಬೀಜವಾದರೆ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು; ಅದರ ತಾಯಿ ಯಾವುದು, ತಂದೆ ಯಾವುದು ಎಂಬುದು ಮಾರುವವನಿಗೆ ಮಾತ್ರ ಗೊತ್ತು. ಬೀಗ ಹಾಕಿದ ತಂತ್ರಾಂಶ ಈ ಎರಡನೆಯ ಬಗೆಯದು. ಸ್ವಾಟ್ ಮೊದಲನೆಯ ಬಗೆಯದು.

ಒಂದು ಸೆಂಟ್ ಜಾಗದ ಪ್ರಯೋಗಗಳು

ಇಂಥ ಸಾಧನ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ನಡುನಾಡಿನ ಬಯಲುಗಳಲ್ಲಿ ಬರ ಬಿದ್ದು, ಹುಲ್ಲುಗಾವಲು ಉತ್ತು ಬಯಲು ಮಾಡಿದ್ದ ನೆಲ ಗಾಳಿಗೆ ಎದ್ದುಹೋಯಿತು. 1934ರ ಮೇ ತಿಂಗಳಲ್ಲಿ ಆ ಧೂಳು ಪೂರ್ವ ತೀರದ ನ್ಯೂಯಾರ್ಕ್, ವಾಷಿಂಗ್‌ಟನ್ ನಗರಗಳವರೆಗೂ ಹಾರಿತು. ಮರುವರ್ಷ, 1935ರಲ್ಲಿ, ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆ ತೆರೆಯಿತು.

ಮಣ್ಣು ಕೊಚ್ಚಿಹೋಗುವುದನ್ನು ಅಳೆಯಲು ವಿಜ್ಞಾನಿಗಳು ಸಣ್ಣ ಸಣ್ಣ ಪಾತಿಗಳನ್ನು ಕಟ್ಟಿದರು. ಅವುಗಳಲ್ಲಿ ರೂಢಿಯಾದ ಅಳತೆ 6 ಅಡಿ ಅಗಲ, 72.6 ಅಡಿ ಉದ್ದ. ಗುಣಿಸಿ ನೋಡಿದರೆ ಇದು ಸರಿಯಾಗಿ ಎಕರೆಯ ನೂರರಲ್ಲಿ ಒಂದು ಭಾಗ, ನಮ್ಮ ಲೆಕ್ಕದಲ್ಲಿ 1 ಸೆಂಟ್. ಪಾತಿಯ ಕೆಳತುದಿಯ ತೊಟ್ಟಿಯಲ್ಲಿ ಬಿದ್ದ ಮಣ್ಣನ್ನು ತೂಗಿ ನೂರರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಕ್ಕಿತು.

1954ರಲ್ಲಿ ಕೃಷಿ ಇಲಾಖೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ತೆರೆದು, ನಾನಾ ಕಡೆಯ ಇಂಥ ಅಳತೆಗಳನ್ನೆಲ್ಲ ಒಂದೆಡೆ ಕೂಡಿಸಿತು. 49 ಸ್ಥಳಗಳ ಅಳತೆ ಬಂತು. ಒಂದು ಪಾತಿಯ ಒಂದು ವರ್ಷದ ಅಳತೆಯನ್ನು ಒಂದೆಂದು ಎಣಿಸಿದರೆ ಅವು 10,000ಕ್ಕೂ ಮೇಲಾದವು. ಅದರಿಂದ ಹೊರಬಂದದ್ದೇ ಮಣ್ಣಿನ ಸವಕಳಿಯ ಸಾರ್ವತ್ರಿಕ ಸೂತ್ರ. 1965ರಲ್ಲಿ ಕೃಷಿ ಇಲಾಖೆಯ ಕೈಪಿಡಿಯಾಗಿ ಪ್ರಕಟವಾಗಿ 1978ರಲ್ಲಿ ಪರಿಷ್ಕಾರಗೊಂಡಿತು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ನೆಲದ ಮೇಲಿನ ಬೆಳೆಯ ಹೊದಿಕೆ, ಬದು ಮುಂತಾದ ರಕ್ಷಣಾ ಕ್ರಮ — ಇವನ್ನು ಅಂಕಿಗಳಾಗಿಸಿ ಗುಣಿಸಿದರೆ ವರ್ಷಕ್ಕೆ ಎಕರೆಗೆ ಇಷ್ಟು ಟನ್ ಮಣ್ಣು ಹೋಗುತ್ತದೆಂದು ಅಂದಾಜು ಸಿಗುತ್ತದೆ.

ಸರ್ಕಾರ ಹಣ ಕೊಟ್ಟಿತು, ವಿಶ್ವವಿದ್ಯಾಲಯ ಜಾಗವನ್ನೂ ವಿದ್ಯೆಯನ್ನೂ ಕೊಟ್ಟಿತು, ಫಲ ಎಲ್ಲರ ಪಾಲಾಯಿತು. ಈ ಪದ್ಧತಿ ಬೇರೂರಿದ ಮೇಲೆ ತಂತ್ರಾಂಶವೂ ಅದೇ ದಾರಿ ಹಿಡಿಯಿತು.

ಟೆಂಪಲ್ ಊರಿನ ಎರೆ ಭೂಮಿ

ಟೆಕ್ಸಾಸ್ ರಾಜ್ಯದ ಟೆಂಪಲ್ ಎಂಬ ಊರು ಕಪ್ಪು ಮಣ್ಣಿನ ಸೀಮೆಯಲ್ಲಿದೆ. ಬೇಸಿಗೆಯಲ್ಲಿ ಬಾಯಿಬಿಡುವ, ಮಳೆ ಬಿದ್ದರೆ ಉಬ್ಬಿ ಅಂಟುವ ಮಣ್ಣು. ನಮ್ಮ ವಿಜಯಪುರ, ಗದಗ, ಬಳ್ಳಾರಿ ಕಡೆಯ ಎರೆ ಭೂಮಿಗೂ ಅದಕ್ಕೂ ಮಣ್ಣು ವಿಜ್ಞಾನಿಗಳು ಇಟ್ಟಿರುವ ಜಾತಿ ಒಂದೇ. ಈ ಊರಿನಲ್ಲಿ ಕೃಷಿ ಇಲಾಖೆಯ ಪ್ರಯೋಗಾಲಯವೂ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಜೊತೆಜೊತೆಯಾಗಿ ಕೆಲಸ ಮಾಡುತ್ತಿವೆ.

ಇಲ್ಲಿನ ವಿಜ್ಞಾನಿ ಜಿಮ್ಮಿ ವಿಲಿಯಮ್ಸ್ 1975ರಲ್ಲಿ ಸವಕಳಿ ಸೂತ್ರವನ್ನು ತಿದ್ದಿ, ಒಂದೊಂದು ಮಳೆಗೆ ಹರಿದುಹೋಗುವ ನೀರಿನಿಂದ ಮಣ್ಣಿನ ಪ್ರಮಾಣ ಲೆಕ್ಕಹಾಕುವ ಮಾರ್ಗ ತೋರಿದರು. 1990ರ ದಶಕದ ಆರಂಭದಲ್ಲಿ ಜೆಫ್ ಆರ್ನಾಲ್ಡ್ ಮತ್ತು ಸಂಗಡಿಗರು ಹಿಂದಿನ ಹಲವು ತಂತ್ರಾಂಶಗಳನ್ನು ಕೂಡಿಸಿ ಸ್ವಾಟ್ ಕಟ್ಟಿದರು. ಅಮೆರಿಕದ ಕಾನೂನಿನಂತೆ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ಬರೆದುದಕ್ಕೆ ಆ ದೇಶದಲ್ಲಿ ಹಕ್ಕುಸ್ವಾಮ್ಯವಿಲ್ಲ. ತೆರಿಗೆ ಕೊಟ್ಟ ಜನರದ್ದೇ ಆ ಬರಹ. ಸ್ವಾಟ್ ಕೂಡ ಸಾರ್ವಜನಿಕರ ಸೊತ್ತಾಗಿಯೇ ಹೊರಬಂತು.

ಕೆಲಸ ಮಾಡುವ ಬಗೆ

ಸ್ವಾಟ್ ಮೊದಲು ಒಂದು ಜಲಾನಯನ ಪ್ರದೇಶವನ್ನು ಹಳ್ಳಕೊಳ್ಳಗಳಿಗೆ ಅನುಗುಣವಾಗಿ ತುಂಡು ಮಾಡುತ್ತದೆ. ಒಂದೊಂದು ತುಂಡಿನಲ್ಲಿ ಒಂದೇ ಬಗೆಯ ಮಣ್ಣು, ಒಂದೇ ಬೆಳೆ, ಒಂದೇ ಇಳಿಜಾರು ಇರುವ ನೆಲವನ್ನೆಲ್ಲ ಗುಂಪು ಮಾಡುತ್ತದೆ. ಆಮೇಲೆ ಗುಂಪು ಗುಂಪಿಗೆ ದಿನದಿನದ ಜಮಾಖರ್ಚು ಬರೆಯುತ್ತದೆ. ಜಮೆ ಮಳೆ. ಖರ್ಚಿನಲ್ಲಿ ಹರಿದುಹೋದದ್ದು, ಬಿಸಿಲಿಗೆ ಆರಿದ್ದು, ಬೆಳೆ ಕುಡಿದದ್ದು, ಆಳಕ್ಕಿಳಿದು ಅಂತರ್ಜಲ ಸೇರಿದ್ದು. ಉಳಿದದ್ದು ಮಣ್ಣಿನ ತೇವ. ಮಣ್ಣಿನ ಜೊತೆ ಕೊಚ್ಚಿಹೋಗುವ ಸಾರಜನಕ, ರಂಜಕದ ಲೆಕ್ಕವೂ ಇದೆ.

ನೀರು ಎಷ್ಟು ಹರಿಯುತ್ತದೆಂದು ತಿಳಿಯಲು ಬಳಸುವ ರೂಢಿಯ ಅಂಕಿಯೊಂದುಂಟು. 1950ರ ದಶಕದಲ್ಲಿ ಅಲ್ಲಿನ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ್ದು. ಅದರ ಗರಿಷ್ಠ 100. ಅಂಕಿ ಏರಿದಷ್ಟೂ ಹರಿಯುವ ನೀರು ಹೆಚ್ಚು, ಇಂಗುವುದು ಕಡಿಮೆ. ಎರೆ ಮಣ್ಣಿಗೆ ಹೆಚ್ಚಿನ ಅಂಕಿ, ಮರಳು ಮಿಶ್ರಿತ ಕೆಂಪು ಮಣ್ಣಿಗೆ ಕಡಿಮೆ ಅಂಕಿ ಕೊಡುವುದು ವಾಡಿಕೆ.

ಇಲ್ಲಿಯೇ ನಿಮ್ಮ ಅನುಭವ ಬೇಕಾಗುವುದು. ಕೆಂಪು ಮಸಾರಿ ಹೊಲ ಪುಸ್ತಕದ ಪ್ರಕಾರ ನೀರು ಕುಡಿಯುವ ನೆಲ. ಆದರೆ ಹನಿಗಳ ಹೊಡೆತಕ್ಕೆ ಅದರ ಮೇಲೆ ಹೆಪ್ಪು ಕಟ್ಟಿದರೆ ನೀರು ಇಳಿಯದೆ ಓಡುತ್ತದೆ. ಇತ್ತ ಎರೆ ಹೊಲದ ಬೇಸಿಗೆಯ ಬಿರುಕುಗಳು ಮೊದಲ ಮಳೆಯನ್ನು ಗಟಗಟ ಕುಡಿದುಬಿಡುತ್ತವೆ. ಟೆಂಪಲ್ ಊರಿನವರಿಗೆ ಬಿರುಕಿನ ಅನುಭವವಿದ್ದುದರಿಂದ ಅದರ ಲೆಕ್ಕಕ್ಕೆ ಸ್ವಾಟ್‌ನಲ್ಲಿ ಪ್ರತ್ಯೇಕ ಏರ್ಪಾಡಿದೆ. ಹೆಪ್ಪಿನ ವಿಷಯವನ್ನು ಅಂಕಿ ತುಂಬುವವರು ನೆನಪಿಟ್ಟು ಸರಿಪಡಿಸಿಕೊಳ್ಳಬೇಕು.

ಪರದೇಶದ ಲೆಕ್ಕ ನಮ್ಮ ನೆಲಕ್ಕೆ ಒಗ್ಗೀತೇ?

ಒಗ್ಗದಿದ್ದರೆ ತಿದ್ದಲು ಬರಬೇಕು; ಮುಕ್ತ ತಂತ್ರಾಂಶದ ಬೆಲೆ ತಿಳಿಯುವುದು ಅಲ್ಲಿ. ಶೀತ ದೇಶಗಳಲ್ಲಿ ಚಳಿಗಾಲದ ಹಗಲು ಕಿರಿದಾದಾಗ ಗಿಡಮರಗಳು ಬೆಳವಣಿಗೆ ನಿಲ್ಲಿಸಿ ನಿದ್ರೆಗೆ ಜಾರುತ್ತವೆ. ಮೂಲ ಸ್ವಾಟ್‌ನಲ್ಲಿ ಬಹುವಾರ್ಷಿಕ ಸಸ್ಯಗಳ ನಿದ್ರೆಯನ್ನು ಹಗಲಿನ ಉದ್ದ ನೋಡಿಯೇ ನಿರ್ಧರಿಸುತ್ತಿದ್ದರು. ಉಷ್ಣವಲಯದ ಮಾತೇ ಬೇರೆ. ಇಲ್ಲಿ ಕಾಡು ಚಿಗುರುವುದೂ ಒಣಗುವುದೂ ಮಣ್ಣಿನ ತೇವವನ್ನು ನೋಡಿಕೊಂಡು. ಆಫ್ರಿಕದ ಮಾರಾ ನದಿಯ ಕಣಿವೆಯಲ್ಲಿ ಕೆಲಸ ಮಾಡುತ್ತಿದ್ದ ಬೆಲ್ಜಿಯಂ ದೇಶದ ವಿಶ್ವವಿದ್ಯಾಲಯವೊಂದರ ತಂಡ ಈ ದೋಷ ಕಂಡು, ತಂತ್ರಾಂಶವನ್ನು ತೆರೆದು, ಬೆಳವಣಿಗೆಯ ಕಾಲವನ್ನು ಮಣ್ಣಿನ ತೇವಕ್ಕೆ ಕಟ್ಟಿ 2017ರಲ್ಲಿ ಪ್ರಕಟಿಸಿತು. ಯಾರ ಅಪ್ಪಣೆಯನ್ನೂ ಕಾಯಬೇಕಾಗಲಿಲ್ಲ. ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಗೂ ಏಷ್ಯದ ವಿಜ್ಞಾನಿಗಳು ಇದೇ ಬಗೆಯ ತಿದ್ದುಪಡಿ ಮಾಡಿದ್ದಾರೆ.

ನಮ್ಮ ಉತ್ತರ ಕರ್ನಾಟಕದ ಒಂದು ಪದ್ಧತಿಯನ್ನೇ ನೋಡಿ. ಎರೆ ಭೂಮಿಯಲ್ಲಿ ಮುಂಗಾರು ಪೂರ್ತಿ ಹೊಲ ಖಾಲಿ ಬಿಟ್ಟು, ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತುವುದುಂಟು. ಅಂದರೆ ಮಳೆಯ ಹೊಡೆತ ಜೋರಿರುವಾಗ ನೆಲದ ಮೇಲೆ ಹೊದಿಕೆಯಿಲ್ಲ. ಜೂನ್‌ನಲ್ಲೇ ಬೆಳೆ ನಿಂತಿದೆಯೆಂದು ಅಂಕಿ ತುಂಬಿದರೆ ಸವಕಳಿ ಕಡಿಮೆಯೆಂದು ಉತ್ತರ ಬರುತ್ತದೆ, ಬದು ಬೇಡವೆಂದು ತೀರ್ಮಾನವಾಗುತ್ತದೆ. ನಷ್ಟ ಅಂಕಿ ತುಂಬಿದವರಿಗಲ್ಲ, ಹೊಲದವರಿಗೆ. ಲೆಕ್ಕ ತೆರೆದಿದ್ದರೆ ಈ ತಪ್ಪನ್ನು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಹಿಡಿಯಬಲ್ಲ. ಬೀಗ ಹಾಕಿದ್ದರೆ ಉತ್ತರವನ್ನು ನಂಬುವುದೊಂದೇ ದಾರಿ.

ಬೆಲೆಯಿಲ್ಲದ ನೇಗಿಲು, ಬೆಲೆಯ ನೊಗ

ಒಂದು ತೊಡಕೂ ಇತ್ತು. ಸ್ವಾಟ್‌ಗೆ ಬೆಲೆಯಿಲ್ಲದಿದ್ದರೂ ಅದಕ್ಕೆ ನಕ್ಷೆಗಳನ್ನು ಒದಗಿಸಲು ಬಹುಕಾಲ ಬಳಕೆಯಲ್ಲಿದ್ದ ನಕ್ಷಾ ತಂತ್ರಾಂಶ ಹಣ ಕೊಟ್ಟು ಕೊಳ್ಳುವಂಥದು. ನೇಗಿಲು ಪುಕ್ಕಟೆ, ನೊಗಕ್ಕೆ ದುಡ್ಡು ಎಂಬಂತಾಗಿತ್ತು. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ ಮುಕ್ತ ನಕ್ಷಾ ತಂತ್ರಾಂಶ ಬೆಳೆದು ನಿಂತ ಮೇಲೆ ಅದರೊಡನೆ ಸ್ವಾಟ್ ಜೋಡಿಸುವ ಏರ್ಪಾಡೂ ಬಂತು. ಈಗ ಸಾಮಾನ್ಯ ಗಣಕಯಂತ್ರವಿರುವ ಕಾಲೇಜು ಕೂಡ ಈ ಕೆಲಸವನ್ನು ಖರೀದಿಯಿಲ್ಲದೆ ಮಾಡಬಹುದು.

ನಮ್ಮಲ್ಲಿ ಆಗಿರುವುದು

ಹವಾಮಾನ ಬದಲಾದರೆ ನಮ್ಮ ನದಿಗಳ ಗತಿಯೇನೆಂದು ತಿಳಿಯಲು ದೆಹಲಿಯ ಐಐಟಿ ತಂಡ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದಕ್ಕಾಗಿ ಸ್ವಾಟ್ ಬಳಸಿ ದೇಶದ ನದಿ ಪಾತ್ರಗಳನ್ನು ಪರಿಶೀಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಬರದ ದೃಷ್ಟಿಯಿಂದ ಹೆಚ್ಚು ಗಮನ ಪಡೆದ ನದಿ ನಮ್ಮ ಕೃಷ್ಣೆ.

ಲೆಕ್ಕದ ಸಾಧನ ಸಿಕ್ಕರೆ ಸಾಲದು, ಅದಕ್ಕೆ ಉಣಿಸಲು ನೆಲದ ಮಾಹಿತಿ ಬೇಕು. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1954ರಲ್ಲೇ ಬಳ್ಳಾರಿಯಲ್ಲಿ ಎರೆ ಭೂಮಿಗಾಗಿ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಆರಂಭವಾಯಿತು. 2012ರಿಂದ ನಡೆದ ಮೂರನೆಯ ಹಂತದ ಸುಜಲಾ ಯೋಜನೆಯಲ್ಲಿ ಜಲಾನಯನ ಇಲಾಖೆ, ಕೃಷಿ ವಿಶ್ವವಿದ್ಯಾಲಯಗಳು, ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ಕೆಲಸ ಮಾಡಿದವು. ಆಯ್ದ ಜಲಾನಯನಗಳಲ್ಲಿ ಸರ್ವೆ ನಂಬರು ಕಾಣುವ ಗ್ರಾಮ ನಕ್ಷೆಯ ಮೇಲೆಯೇ ಮಣ್ಣಿನ ಆಳ, ಇಳಿಜಾರು, ಕಲ್ಲಿನ ಪ್ರಮಾಣ, ಸತ್ವ ಗುರುತಿಸಿದರು.

2015ರಲ್ಲಿ ಭಾರತ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನೂ ಪ್ರಕಟಿಸಿದೆ. ನೆಲದ ಮಾಹಿತಿ ನಮ್ಮದು, ಹಣ ನಮ್ಮದು. ಅದರ ಮೇಲೆ ನಡೆಯುವ ಲೆಕ್ಕವೂ ನಮ್ಮ ಕಣ್ಣಿಗೆ ಬೀಳುವಂತಿರಬೇಕೆಂದು ಕೇಳುವುದು ನ್ಯಾಯವೇ.

ಗಮನದಲ್ಲಿಡಬೇಕಾದ ಅಂಶಗಳು

ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಉತ್ತರ ಸರಿಯೆಂದು ತಿಳಿಯಬಾರದು. ಹಳ್ಳದಲ್ಲಿ ನಿಜವಾಗಿ ಹರಿದ ನೀರನ್ನು ಅಳೆದು, ಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆಯೇ ಅದನ್ನು ನಂಬಬೇಕು. ತಂತ್ರಾಂಶ ಪುಕ್ಕಟೆಯಾದರೂ ಬಳಸಲು ಕಲಿತವರು ಬೇಕು, ಅವರಿಗೆ ಸಂಬಳ ಬೇಕು. ಮಳೆಮಾಪಕ ಕೆಟ್ಟು ನಿಂತಿದ್ದರೆ ಯಾವ ತಂತ್ರಾಂಶವೂ ಉಪಯೋಗಕ್ಕೆ ಬಾರದು.

ನಿಮ್ಮ ಊರಿಗೆ ಜಲಾನಯನ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ:

1. ನಮ್ಮ ಸರ್ವೆ ನಂಬರಿನ ಮಣ್ಣಿನ ಆಳ, ಇಳಿಜಾರು ಎಷ್ಟೆಂದು ಬರೆದುಕೊಂಡಿದ್ದೀರಿ?

2. ಮಳೆಯ ಅಂಕಿಗಳು ಯಾವ ಊರಿನ ಮಳೆಮಾಪಕದವು, ಎಷ್ಟು ವರ್ಷದವು?

3. ಯಾವ ತಿಂಗಳಲ್ಲಿ ಹೊಲದಲ್ಲಿ ಯಾವ ಬೆಳೆಯಿದೆಯೆಂದು ಲೆಕ್ಕ ಹಿಡಿದಿದ್ದೀರಿ?

4. ಲೆಕ್ಕವನ್ನು ನಮ್ಮ ಹಳ್ಳದ ನೀರಿನೊಂದಿಗೆ ತಾಳೆ ನೋಡಿದ್ದೀರಾ?

ಇವಕ್ಕೆ ಉತ್ತರ ಹೇಳಲು ಗಣಕ ವಿದ್ಯೆ ಬೇಕು. ಕೇಳುವುದಕ್ಕೆ ಬೇಡ. ಯೋಜನಾ ವರದಿಯಲ್ಲಿ ಜೂನ್‌ನ ಖಾಲಿ ಹೊಲಕ್ಕೆ ಬೆಳೆ ಬರೆದಿದ್ದರೆ ಅದನ್ನು ಮೊದಲು ಗುರುತಿಸಬಲ್ಲವರು ನೀವೇ. ಬದು, ಅಣೆಗಳ ಜಾಗ ಗೊತ್ತಾಗುವ ಮೊದಲೇ ಅದನ್ನು ಬಾಯಿಬಿಟ್ಟು ಹೇಳಿ, ಸಭೆಯ ನಡಾವಳಿಯಲ್ಲಿ ಬರೆಸಿ.