ನೌಕರಿ ಕೊಡಿಸುವವರ ನೌಕರಿಗೇ ಸಂಚಕಾರವೇ?

ಎಂ.ಬಿ.ಎ. ವಿದ್ಯಾರ್ಥಿಗಳು ವಿಶೇಷ ವಿಷಯ ಆರಿಸಿಕೊಳ್ಳುವ ಹೊತ್ತಿಗೆ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಬಗೆಯದು. ಮಾರ್ಕೆಟಿಂಗ್ ಎಂದರೆ ಊರೂರು ಅಲೆಯಬೇಕು. ಫೈನಾನ್ಸ್ ಎಂದರೆ ಲೆಕ್ಕದ ತಲೆನೋವು. ಎಚ್.ಆರ್. ಆದರೆ ಫ್ಯಾನಿನ ಕೆಳಗೆ ಕುಳಿತು ಮಾಡುವ, ನಾಲ್ಕು ಜನ ಗೌರವ ಕೊಡುವ ಕೆಲಸ. ಹೆಣ್ಣುಮಕ್ಕಳ ತಂದೆತಾಯಿಗಳಿಗಂತೂ ಈ ಲೆಕ್ಕಾಚಾರ ಬಹಳ ಹಿಡಿಸುತ್ತದೆ. ಆದರೆ ಮೇಜಿನ ಮುಂದೆ ಕುಳಿತು ಮಾಡುವ ಕೆಲಸವೇ ಕಂಪ್ಯೂಟರಿಗೆ ಎಲ್ಲಕ್ಕಿಂತ ಸುಲಭದ ತುತ್ತು ಎಂಬುದು ಈಗ ಒಂದೊಂದಾಗಿ ಗೊತ್ತಾಗುತ್ತಿದೆ.

2023ರ ಮೇ ತಿಂಗಳಲ್ಲಿ ಐ.ಬಿ.ಎಂ. ಕಂಪನಿಯ ಮುಖ್ಯಸ್ಥ ಅರವಿಂದ ಕೃಷ್ಣ ಒಂದು ಸಂದರ್ಶನದಲ್ಲಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಗ್ರಾಹಕರೊಡನೆ ನೇರ ವ್ಯವಹಾರವಿಲ್ಲದ ಸುಮಾರು 26 ಸಾವಿರ ಹುದ್ದೆಗಳು ತಮ್ಮಲ್ಲಿವೆ, ಅವುಗಳಲ್ಲಿ ಶೇಕಡ 30ರಷ್ಟು ಐದು ವರ್ಷಗಳಲ್ಲಿ ಯಂತ್ರದ ಪಾಲಾಗಬಹುದು ಎಂಬುದು ಅವರ ಅಂದಾಜು. ಉದಾಹರಣೆಗೆ ಅವರು ಹೆಸರಿಸಿದ್ದು ಮಾನವ ಸಂಪನ್ಮೂಲ ವಿಭಾಗವನ್ನೇ. ಎರಡು ವರ್ಷ ಕಳೆದು, 2025ರ ಮೇನಲ್ಲಿ, ಆ ವಿಭಾಗದ ಕೆಲವು ನೂರು ಮಂದಿಯ ಕೆಲಸವನ್ನು ಕೃತಕ ಬುದ್ಧಿಮತ್ತೆ ವಹಿಸಿಕೊಂಡಿದೆ ಎಂದು ತಿಳಿಸಿದರು. ಅದೇ ಉಸಿರಿನಲ್ಲಿ, ಕಂಪನಿಯ ಒಟ್ಟು ನೌಕರರ ಸಂಖ್ಯೆ ಏರಿದೆ, ಉಳಿದ ಹಣದಲ್ಲಿ ಪ್ರೋಗ್ರಾಮರುಗಳನ್ನೂ ಮಾರಾಟದವರನ್ನೂ ತೆಗೆದುಕೊಂಡೆವು ಎಂದೂ ಹೇಳಿದರು. ಕಂಪನಿಗೆ ಇದು ಸಮಾಧಾನದ ಮಾತು. ಎಚ್.ಆರ್. ಓದಿದವರಿಗೆ ಅಷ್ಟೇನೂ ಅಲ್ಲ.

ಯಂತ್ರ ಅಲ್ಲಿ ಮಾಡುವುದಾದರೂ ಏನು? ಎಷ್ಟು ರಜೆ ಉಳಿದಿದೆ, ಗೃಹಸಾಲಕ್ಕೆ ಬ್ಯಾಂಕು ಕೇಳಿದ ಉದ್ಯೋಗ ಪತ್ರ ಎಲ್ಲಿ ಸಿಗುತ್ತದೆ, ವರ್ಗಾವಣೆಗೆ ಯಾವ ಅರ್ಜಿ ತುಂಬಬೇಕು - ಇಂಥ ದಿನನಿತ್ಯದ ಪ್ರಶ್ನೆಗಳಲ್ಲಿ ಶೇಕಡ 94ನ್ನು ಅದೊಂದೇ ಬಗೆಹರಿಸುತ್ತದೆ ಎಂದು ಐ.ಬಿ.ಎಂ. ಹೇಳುತ್ತದೆ. ಉಳಿದ ಆರು ಮಾತ್ರ ಮನುಷ್ಯರ ಮೇಜಿಗೆ ಬರುತ್ತವೆ. ನಮ್ಮಲ್ಲೂ ಗಾಳಿ ಇದೇ ದಿಕ್ಕಿನದು. ಭವಿಷ್ಯನಿಧಿಯ ಒಂದು ಫಾರಂ ತುಂಬಿಸಿ ಕಳಿಸುವುದೇ ಸಿಬ್ಬಂದಿ ವಿಭಾಗದ ಒಬ್ಬ ಗುಮಾಸ್ತರ ಅರ್ಧ ದಿನದ ಕೆಲಸವಾಗಿದ್ದ ಕಾಲವಿತ್ತು. 2014ರಲ್ಲಿ ಪ್ರತಿ ಸದಸ್ಯರಿಗೂ ಒಂದೇ ಖಾತೆ ಸಂಖ್ಯೆ ಬಂತು. 2025ರಲ್ಲಿ ಮುಂಗಡದ ಅರ್ಜಿಗಳನ್ನು 5 ಲಕ್ಷ ರೂಪಾಯಿವರೆಗೆ ಕಂಪ್ಯೂಟರೇ ಇತ್ಯರ್ಥ ಮಾಡುವ ವ್ಯವಸ್ಥೆಯೂ ಬಂತು. ಆ ಫಾರಮ್ಮಿಗಾಗಿ ಯಾರಾದರೂ ಅಳುತ್ತಾರೆಯೇ?

ಹಾಗಾದರೆ ಇಡೀ ವೃತ್ತಿಯೇ ಹೋಯಿತೇ ಎಂದರೆ, ಹಾಗೂ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬೋರ್ನ್ 2013ರಲ್ಲಿ ಅಮೆರಿಕದ 702 ಉದ್ಯೋಗಗಳನ್ನು ಮುಂದಿಟ್ಟುಕೊಂಡು, ಯಾವುದು ಕಂಪ್ಯೂಟರಿನ ಪಾಲಾಗುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿದ್ದರು. ಸಂಬಳ ಮತ್ತು ಹಾಜರಿ ಗುಮಾಸ್ತರಿಗೆ ಬಂದ ಅಂಕಿ ಶೇಕಡ 97. ಎಚ್.ಆರ್. ಸಹಾಯಕರಿಗೆ 90. ಎಚ್.ಆರ್. ಮ್ಯಾನೇಜರಿಗೆ ಮಾತ್ರ ಶೇಕಡ ಒಂದಕ್ಕಿಂತಲೂ ಕಡಿಮೆ. ಇದು ಅಂದಾಜು, ಪಂಚಾಂಗವಲ್ಲ. ಆದರೂ ಒಂದೇ ಕಾರಿಡಾರಿನ ಎರಡು ಕೋಣೆಗಳ ನಡುವೆ ಇಷ್ಟು ಅಂತರವಿರುವುದನ್ನು ಪಾಲಕರು ಗಮನಿಸಬೇಕು.

ತೊಡಕು ಇರುವುದೂ ಇಲ್ಲಿಯೇ. ಯಾರೂ ಕಾಲೇಜಿನಿಂದ ಇಳಿದು ನೇರವಾಗಿ ಮ್ಯಾನೇಜರ್ ಕುರ್ಚಿಯಲ್ಲಿ ಕೂರುವುದಿಲ್ಲ. ಹಿಂದೆ ಟೈಮ್ ಆಫೀಸ್ ಎಂಬ ಕಿಟಕಿಯ ಹಿಂದೆ ಕುಳಿತು ಹಾಜರಿ ಬರೆದವರೇ ಮುಂದೆ ಸಿಬ್ಬಂದಿ ಅಧಿಕಾರಿಗಳಾಗುತ್ತಿದ್ದರು. ಕೆಲಸ ನೀರಸವೇ, ಸಂಶಯವಿಲ್ಲ. ಆದರೆ ಯಾವ ವಿಭಾಗದಲ್ಲಿ ಇದ್ದಕ್ಕಿದ್ದಂತೆ ಗೈರುಹಾಜರಿ ಹೆಚ್ಚಿತು, ಯಾವ ಸೂಪರ್‌ವೈಸರ್ ಕೈಕೆಳಗೆ ಜನ ನಿಲ್ಲುವುದಿಲ್ಲ, ಸಂಬಳದ ದಿನ ಯಾರ ಮುಖ ಸಣ್ಣದಾಗುತ್ತದೆ - ಇದೆಲ್ಲ ತಿಳಿಯುತ್ತಿದ್ದುದು ಆ ಕಿಟಕಿಯಲ್ಲೇ. ಏಣಿಯ ಕೆಳಗಿನ ನಾಲ್ಕು ಮೆಟ್ಟಿಲು ಮುರಿದರೆ ಮೇಲಿನ ಮೆಟ್ಟಿಲು ಗಟ್ಟಿಯಾಗಿದ್ದು ಪ್ರಯೋಜನವೇನು? ಈ ಪ್ರಶ್ನೆಯನ್ನು ಯಂತ್ರ ಕೊಳ್ಳುವ ಕಂಪನಿಗಳೂ ಕೇಳಿಕೊಂಡಂತಿಲ್ಲ, ಕೋರ್ಸು ಮಾರುವ ಕಾಲೇಜುಗಳೂ ಕೇಳಿಕೊಂಡಂತಿಲ್ಲ.

ಆ ಕಿಟಕಿಯ ಹಿಂದೆ ತಿಳಿದವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುವ ಕಾರ್ಖಾನೆ ನಡೆಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಪುಡಿಗಟ್ಟಿದರು. ಸಂಬಳ ಸರಿಯಾಗಿ ಬಂದಿಲ್ಲ, ದುಡಿದ ಗಂಟೆಗಳು ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದು ಅವರ ದೂರು. ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆ ಪರಿಶೀಲನೆ ನಡೆಸಿ ಕೊಟ್ಟ ವರದಿ ಓದಬೇಕಾದದ್ದು. ಕೆಲಸಗಾರರ ಸಂಖ್ಯೆ ಸ್ವಲ್ಪವೇ ಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಪಾಳಿಯನ್ನು ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಬದಲಿಸಲಾಗಿತ್ತು. ಹಾಜರಿ ದಾಖಲಿಸುವ ವಿದ್ಯುನ್ಮಾನ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಅದನ್ನು ಸರಿಪಡಿಸಿಯೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಮಿಕ ಕಾಯಿದೆ ಚೆನ್ನಾಗಿ ಬಲ್ಲವರನ್ನು ಇಟ್ಟು ಎಚ್.ಆರ್. ವಿಭಾಗವನ್ನು ತಕ್ಕಷ್ಟು ಕಟ್ಟಿರಲಿಲ್ಲ.

ಒಂದು ವಾರದ ಬಳಿಕ ಆಪಲ್ ಕಂಪನಿಯೂ ಕೆಲಸದ ಅವಧಿಯ ನಿರ್ವಹಣೆ ಸರಿಯಿರಲಿಲ್ಲ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು ಎಂದು ಒಪ್ಪಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ವಿಸ್ಟ್ರಾನ್ ತೆಗೆದುಹಾಕಿತು. (2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು.) ಅಲ್ಲಿ ಯಂತ್ರವೂ ಇತ್ತು, ಲೆಕ್ಕವೂ ಇತ್ತು. ಲೆಕ್ಕ ತಪ್ಪಿದೆ ಎಂದು ಹತ್ತು ಸಾವಿರ ಮಂದಿ ಗೊಣಗಿದ್ದನ್ನು ಕೇಳಿ, ಮೇಲಿನವರ ಬಾಗಿಲು ತಟ್ಟಿ ಕೂಗುವ ಒಬ್ಬ ಅಧಿಕಾರಿ ಇದ್ದಿದ್ದರೆ ಹಾನಿ ಅಷ್ಟಾಗುತ್ತಿತ್ತೇ?

ಆಯ್ಕೆಯ ಕೆಲಸದಲ್ಲೂ ಯಂತ್ರ ಮುಗ್ಗರಿಸಿದ್ದುಂಟು. ಅರ್ಜಿಗಳನ್ನು ಜಾಲಿಸಿ ತೆಗೆಯಲು ಅಮೆಜಾನ್ 2014ರಿಂದ ಒಂದು ಪ್ರೋಗ್ರಾಂ ರೂಪಿಸತೊಡಗಿತ್ತು. ಹತ್ತು ವರ್ಷದ ಹಳೆಯ ಅರ್ಜಿಗಳೇ ಅದರ ಪಠ್ಯಪುಸ್ತಕ. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ ‘ಮಹಿಳಾ’ ಎಂಬ ಪದ ಕಂಡ ಅರ್ಜಿಗೆ ಅದು ಅಂಕ ಕಡಿಮೆ ಮಾಡಲು ಕಲಿಯಿತು. ಮಹಿಳಾ ಚೆಸ್ ಕ್ಲಬ್ಬಿನ ನಾಯಕಿಯಾಗಿದ್ದೂ ದೋಷವಾಯಿತು! ಕಂಪನಿ ಕೊನೆಗೆ ಆ ಪ್ರಯೋಗವನ್ನೇ ಕೈಬಿಟ್ಟಿತೆಂಬ ಸುದ್ದಿ 2018ರಲ್ಲಿ ಹೊರಬಿತ್ತು. ಹಾಗೆಂದು ಅರ್ಜಿ ಜಾಲಿಸುವ ಕೆಲಸ ಮತ್ತೆ ಮನುಷ್ಯರಿಗೆ ಬರುತ್ತದೆಂದು ಕಾಯುವುದು ಬೇಡ, ಬರುವುದಿಲ್ಲ. ಯಂತ್ರ ಜಾಲಿಸಿದ್ದನ್ನು ಅನುಮಾನದಿಂದ ನೋಡಬಲ್ಲವರು ಬೇಕಾಗುತ್ತಾರೆ, ಅಷ್ಟೇ.

ಕಾಯಿದೆಯಂತೂ ಈಗಲೂ ಮನುಷ್ಯರನ್ನೇ ಕೇಳುತ್ತದೆ. 1948ರ ಕಾರ್ಖಾನೆ ಕಾಯಿದೆ 500 ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಬೇಕು ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಇಪ್ಪತ್ತು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿ, ಹತ್ತು ಮಂದಿ ನೌಕರರಿದ್ದರೆ 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿ. ಕಾಯಿದೆ ಬೇರೆ, ಪಾಲನೆ ಬೇರೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೂ ಅಳುತ್ತ ಬಂದ ಹುಡುಗಿಯ ದೂರನ್ನು ವಿಚಾರಿಸಲು ಯಾವ ಮ್ಯಾನೇಜರನೂ ಸಾಫ್ಟ್‌ವೇರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ.

ಹೀಗಿರುವಾಗ ಸೀಟು ಪಡೆಯುವ ಮುನ್ನ ಕಾಲೇಜಿನವರಲ್ಲಿ ಕೇಳಬೇಕಾದ್ದು ಕಟ್ಟಡದ ಅಂದಚಂದವನ್ನಲ್ಲ. ಹೊಸ ಕಾರ್ಮಿಕ ಸಂಹಿತೆಗಳನ್ನು ಪಾಠ ಮಾಡುವವರು ಯಾರು? ಹಳೆಯ ನೋಟ್ಸನ್ನೇ ಓದಿಸುತ್ತಾರೆಯೇ? ಸಂಬಳದ ಸಾಫ್ಟ್‌ವೇರ್ ತಪ್ಪು ಮಾಡಿದರೆ ಪತ್ತೆ ಹಚ್ಚುವಷ್ಟು ಲೆಕ್ಕ ಕಲಿಸುತ್ತಾರೆಯೇ? ಎಂ.ಎಸ್.ಡಬ್ಲ್ಯು. ಓದುವವರಿಗೆ ಕ್ಷೇತ್ರಕಾರ್ಯ ಮೊದಲಿನಿಂದಲೂ ಪಠ್ಯದ ಭಾಗ. ಎಂ.ಬಿ.ಎ. ಮಕ್ಕಳು ಅದನ್ನು ತಾವಾಗಿಯೇ ಹುಡುಕಿಕೊಳ್ಳಬೇಕು. ಭಾಷೆಯೂ ಮುಖ್ಯ. ಬೆಂಗಳೂರಿನ ಗಾರ್ಮೆಂಟ್ ಘಟಕಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಮಿನ ಹುಡುಗಿಯರು ಕನ್ನಡದ ಹೆಂಗಸರ ಪಕ್ಕದಲ್ಲೇ ಹೊಲಿಯುತ್ತಾರೆ. ಕನ್ನಡದ ಜೊತೆಗೆ ಹಿಂದಿ ಅಥವಾ ಒಡಿಯಾದಲ್ಲಿ ನಾಲ್ಕು ಮಾತಾಡಬಲ್ಲ ಹುಡುಗನೋ ಹುಡುಗಿಯೋ ಅಲ್ಲಿ ಕೇವಲ ಇಂಗ್ಲಿಷ್ ಬಲ್ಲವರಿಗಿಂತ ಬೇಗ ಬೇಕಾದವರಾಗುತ್ತಾರೆ.

ಇಂಟರ್ನ್‌ಶಿಪ್ ವಿಷಯದಲ್ಲಂತೂ ಎಚ್ಚರ ಬೇಕು. ಎರಡು ತಿಂಗಳು ಪೂರ್ತಿ ಒಂದು ಲ್ಯಾಪ್‌ಟಾಪ್ ಮುಂದೆ ಕೂರಿಸಿ ಅರ್ಜಿಗಳನ್ನು ಎಣಿಸಿ ವಿಂಗಡಿಸುವ ಕೆಲಸ ಕೊಟ್ಟರೆ, ಅದು ಬರುವ ವರ್ಷ ಇರದೇ ಹೋಗುವ ಕೆಲಸದ ತರಬೇತಿ. ಪ್ರಮಾಣಪತ್ರ ಚೆನ್ನಾಗಿರುತ್ತದೆ, ಫೋಟೊ ಕೂಡ. ಅದರ ಬದಲು ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಸಂಬಳದ ಮರುದಿನ ದೂರು ಹೇಳಲು ಜನ ಸಾಲು ನಿಲ್ಲುವ ಕಡೆ ಒಂದು ಕುರ್ಚಿ ಹಾಕಿಕೊಡುತ್ತೀರಾ ಎಂದು ವಿದ್ಯಾರ್ಥಿಗಳೇ ಕೇಳಬಹುದು. ಕೆಲವು ಕಂಪನಿಗಳು ಒಪ್ಪುತ್ತವೆ.